ಹಳೇ ಡೀಸೆಲ್ ವೆಲ್ಡಿಂಗ್ ಸೆಟ್ ಎಬ್ಬಿಸ್ತೀರಾ? ಸ್ಪೇರ್ ಹುಡುಕೋಕೆ ಬಸ್ ಹತ್ತೋ ಮುಂಚೆ ಇಷ್ಟು ಮಾಡಿ

ಇನ್ವರ್ಟರ್ ಮೆಷಿನ್ ಬಂದ್ಮೇಲೆ, ಡೀಸೆಲ್ ಇಂಜಿನ್‌ಗೆ ಡಿಸಿ ಜನರೇಟರ್ ಕೂರಿಸಿರೋ ಹಳೇ ವೆಲ್ಡಿಂಗ್ ಸೆಟ್‌ಗಳೆಲ್ಲ ಶೆಡ್ಡಿನ ಹಿಂದೆ ಕೋಳಿ ಕೂರೋ ಜಾಗ ಆಗೋಗಿವೆ. ಆದ್ರೆ ಕರೆಂಟೇ ಇಲ್ಲದ ತೋಟದಲ್ಲಿ ಬೋರ್‌ವೆಲ್ ಕೇಸಿಂಗ್ ಜಾಯಿಂಟ್ ಹಾಕ್ಬೇಕು ಅಂದಾಗ ಮತ್ತೆ ಅದೇ ನೆನಪಾಗೋದು. ಆಗ ಏನ್ಮಾಡ್ತಾರೆ, ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಂಡು ಬೆಂಗಳೂರು ಬಸ್ ಹತ್ತಿ ಎಸ್‌ಜೆಪಿ ರೋಡಲ್ಲಿ ನಿಂತು "ವೆಲ್ಡಿಂಗ್ ಸೆಟ್‌ದು ಬ್ರಷ್ ಕೊಡಿ" ಅಂತಾರೆ. ಅಂಗಡಿಯವ್ನು ಸೈಜ್ ಕೇಳ್ತಾನೆ, ಇವ್ರು ಫೋಟೋ ತೋರಿಸ್ತಾರೆ. ಸಂಜೆಗೆ ಬರಿಗೈಲಿ ವಾಪಸ್. ಎರಡು ಸಲ ಹಿಂಗಾದ್ರೆ ಸೆಟ್ಟು ತಾಮ್ರದ ತೂಕಕ್ಕೆ ಗುಜರಿಗೆ ಹೋಗುತ್ತೆ. ಚೆನ್ನಾಗಿರೋ ಸೆಟ್‌ಗಳು ಹಂಗೇ ಹೋಗಿದ್ದನ್ನ ಕಣ್ಣಾರೆ ನೋಡಿದೀನಿ, ಅದಕ್ಕೇ ಇದನ್ನ ಬರೀತಿರೋದು.

ಹಂತ 1: ನಿಜವಾಗ್ಲೂ ಸುಟ್ಟಿದೆಯಾ ನೋಡಿ

ವರ್ಷಗಟ್ಲೆ ಸುಮ್ನೆ ನಿಂತ ಸೆಟ್ಟು ಸ್ಟಾರ್ಟ್ ಆದ್ರೂ ಎಷ್ಟೋ ಸಲ ವೋಲ್ಟೇಜ್ ಕೊಡಲ್ಲ. ಮೀಟರಲ್ಲಿ ಎರಡೋ ಮೂರೋ ವೋಲ್ಟ್ ಬಂದು ನಿಂತ್ಬಿಡುತ್ತೆ. ನೋಡಿದ ತಕ್ಷಣ "ಕಾಯಿಲ್ ಹೋಗಿದೆ, ರೀವೈಂಡಿಂಗ್ ಮಾಡ್ಸಿ" ಅನ್ನೋರನ್ನ ನಂಬ್ಬೇಡಿ. ಈ ತರದ ಜನರೇಟರ್‌ಗೆ ತಾನೇ ಕರೆಂಟ್ ಹುಟ್ಟಿಸ್ಕೊಳ್ಳೋಕೆ ಒಳಗಿನ ಕಬ್ಬಿಣದಲ್ಲಿ ಚೂರು ಮ್ಯಾಗ್ನೆಟ್ ಶಕ್ತಿ ಉಳಿದಿರ್ಬೇಕು, ನಿಂತೂ ನಿಂತೂ ಅದು ಕಳ್ಕೊಂಡಿರುತ್ತೆ ಅಷ್ಟೆ. ಇಂಜಿನ್ ಆಫ್ ಇರೋವಾಗ ಬ್ರಷ್‌ಗಳನ್ನ (ತಿರುಗೋ ಭಾಗಕ್ಕೆ ಒತ್ಕೊಂಡು ಕೂರೋ ಕಾರ್ಬನ್ ತುಂಡುಗಳನ್ನ) ಎತ್ತಿಟ್ಟು, 12 ವೋಲ್ಟ್ ಬ್ಯಾಟರಿನ ಶಂಟ್ ಫೀಲ್ಡ್ (ಮ್ಯಾಗ್ನೆಟ್ ಶಕ್ತಿ ಹುಟ್ಟಿಸೋ ಕಾಯಿಲ್) ವೈರಿಗೆ ಪ್ಲಸ್‌ಗೆ ಪ್ಲಸ್ಸು, ಮೈನಸ್‌ಗೆ ಮೈನಸ್ಸು ಹಿಡಿದು ಕೆಲವು ಸೆಕೆಂಡ್ ಕರೆಂಟ್ ಕೊಡಿ. ಫೀಲ್ಡಿಗೆ ಕರೆಂಟ್ ಕೊಡೋಕೆ ಅಂತ ಬೇರೆ ಚಿಕ್ಕ ಜನರೇಟರ್, ಅಂದ್ರೆ ಎಕ್ಸೈಟರ್ ಇದ್ರೆ ಅದರ ಫೀಲ್ಡಿಗೆ ಕೊಡ್ಬೇಕು. ವೈರ್ ಬಿಡಿಸೋವಾಗ ಬರಿಗೈಲಿ ತಾಮ್ರ ಹಿಡೀಬೇಡಿ, ಕಾಯಿಲ್ ವಾಪಸ್ ಒದೆಯುತ್ತೆ. ನಾನೇ ಒಂದ್ಸಲ ಇದು ಗೊತ್ತಿಲ್ದೆ ಚೆನ್ನಾಗಿದ್ದ ಫೀಲ್ಡ್ ಕಾಯಿಲ್‌ಗಳನ್ನ ಬಿಚ್ಚಿಸಿ ಸುತ್ತಿಸಿದೀನಿ, ಆ ದುಡ್ಡು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅದಕ್ಕೂ ಬಗ್ಗಿಲ್ಲ ಅಂದ್ರೆ ಫೀಲ್ಡ್ ಕಾಯಿಲ್‌ಗಳನ್ನ ಒಂದೊಂದಾಗಿ ಮಲ್ಟಿಮೀಟರಲ್ಲಿ ಅಳೀರಿ. ಒಂದೇ ತರದ ಕಾಯಿಲ್‌ಗಳು ಹತ್ರಹತ್ರ ಒಂದೇ ರೀಡಿಂಗ್ ಕೊಡ್ಬೇಕು, ಒಂದು ಮಾತ್ರ ಬೇರೆ ಹೇಳ್ತಿದ್ರೆ ಅದೇ ಕಳ್ಳ. ಆಮೇಲೆ ಮೆಗ್ಗರ್, ಅಂದ್ರೆ ಕಾಯಿಲ್‌ಗೂ ಬಾಡಿಗೂ ಮಧ್ಯದ ಇನ್ಸುಲೇಶನ್ ಅಳೆಯೋ ಮೀಟರ್, 500 ವೋಲ್ಟಿಂದು. ಡಯೋಡ್ ಇದ್ರೆ ಮೊದ್ಲು ಬಿಚ್ಚಿಡಿ. 1 ಮೆಗಾಓಮ್‌ಗಿಂತ ಕಮ್ಮಿ ಬಂದ್ರೆ ಗಾಬರಿ ಬೇಡ, ಎರಡು ದಿನ ಬಿಸಿಲಿಗಿಟ್ಟು ಇಲ್ಲಾ ಒಳಗೆ 100 ವ್ಯಾಟ್ ಬಲ್ಬ್ ಉರಿಸಿ ಒಣಗಿಸಿ ಮತ್ತೆ ನೋಡಿ, ಮಳೆಗಾಲದ ತೇವ ಅಷ್ಟು ಸುಲಭಕ್ಕೆ ಬಿಡಲ್ಲ.

ಹಂತ 2: ಪ್ಲೇಟ್ ಓದಿ

ನೇಮ್ ಪ್ಲೇಟನ್ನ ಸ್ಯಾಂಡ್ ಪೇಪರಲ್ಲಿ ಉಜ್ಜಿದ್ರೆ ಅಕ್ಷರ ಹೋಗುತ್ತೆ, ಸೀಮೆಎಣ್ಣೆಯಲ್ಲಿ ಒರೆಸಿ ಸೀಮೆಸುಣ್ಣ ತಿಕ್ಕಿ. ಇಂಜಿನ್ನಿಂದೇ ಬೇರೆ ಪ್ಲೇಟ್, ಜನರೇಟರ್‌ದೇ ಬೇರೆ, ಎರಡನ್ನೂ ಬರ್ಕೊಳ್ಳಿ. ಮೂವತ್ತು ವರ್ಷದ ಸೆಟ್ಟಲ್ಲಿ ಯಾರೋ ಮಧ್ಯದಲ್ಲಿ ಇಂಜಿನ್ ಬದಲಾಯಿಸಿರೋ ಚಾನ್ಸ್ ಜಾಸ್ತಿ.

ಹಂತ 3: ಕಾರ್ಬನ್ ಬ್ರಷ್, ಎಲ್ರೂ ಎಡವೋ ಜಾಗ

ಸವೆದ ಬ್ರಷ್ ಅಳೆದು ಅದೇ ಸೈಜ್ ತರೋದು ದೊಡ್ಡ ತಪ್ಪು. ಸವೆದಿದ್ದು ಚಿಕ್ಕದಾಗೇ ಇರುತ್ತಲ್ವಾ, ಜೊತೆಗೆ ಹಿಂದಿನವ್ರು ಯಾವ್ದನ್ನೋ ಉಜ್ಜಿ ತುರುಕಿದ್ರೂ ತುರುಕಿರ್ಬೋದು. ಅಳೀಬೇಕಾಗಿದ್ದು ಬ್ರಷ್ ಹೋಲ್ಡರಿನ ಒಳಗಡೆನ, ಅದೂ ವರ್ನಿಯರಲ್ಲಿ, ಟೇಪಲ್ಲಲ್ಲ. ತಿರುಗೋ ದಿಕ್ಕಿನ ಅಳತೆ ದಪ್ಪ, ಶಾಫ್ಟ್ ಉದ್ದಕ್ಕೆ ಬರೋದು ಅಗಲ, ಆಮೇಲೆ ಉದ್ದ. ಈ ಮೂರನ್ನೂ ಇದೇ ಆರ್ಡರಲ್ಲಿ ಬರ್ಕೊಂಡ್ರೆ ಅಂಗಡಿಯಲ್ಲಿ ಗೊಂದಲ ಇರಲ್ಲ. ಬ್ರಷ್ ಹೋಲ್ಡರೊಳಗೆ ಸಲೀಸಾಗಿ ಜಾರ್ಬೇಕು, ಆದ್ರೆ ಲೊಡಲೊಡ ಅನ್ಬಾರ್ದು. ತಾಮ್ರದ ಹೆಣಿಗೆ ವೈರ್ ಎಷ್ಟುದ್ದ, ತುದಿಯಲ್ಲಿ ಯಾವ ಲಗ್, ಎಷ್ಟು ಎಂಎಂ ತೂತು, ಅದನ್ನೂ ಬರೀರಿ. ಹಳೇ ಬ್ರಷ್ ಮೈಮೇಲೆ ಗ್ರೇಡ್ ಅಕ್ಷರ ಒತ್ತಿರ್ತಾರೆ, ಸೈಜಿಗಿಂತ ಅದೇ ಮುಖ್ಯ, ಹಂಗಾಗಿ ಹಳೇದನ್ನ ಎಸೀಬೇಡಿ, ಜೇಬಲ್ಲಿ ಇಟ್ಕೊಂಡೇ ಹೋಗಿ.

ಗ್ರೇಡ್ ಯಾಕೆ ಅಂದ್ರೆ, ಎಲ್ಲಾ ಕರೀ ಕಲ್ಲೂ ಒಂದೇ ಅಲ್ಲ. ಲಾರಿ ಸ್ಟಾರ್ಟರ್ ಮೋಟರಿನ ಬ್ರಷ್ ತಂದು ಅರದಲ್ಲಿ ಉಜ್ಜಿ ಹಾಕೋ ಶಾರ್ಟ್‌ಕಟ್ ನಮ್ಮ ಕಡೆ ಬಹಳ ಫೇಮಸ್ಸು. ಅದರಲ್ಲಿ ತಾಮ್ರದ ಪುಡಿ ಬೆರೆಸಿರ್ತಾರೆ, ಕಮ್ಮಿ ವೋಲ್ಟೇಜಲ್ಲಿ ಜಾಸ್ತಿ ಕರೆಂಟು ಕೆಲವೇ ಸೆಕೆಂಡ್ ಹರಿಯೋ ಕೆಲಸಕ್ಕೆ ಅದು ಸರಿ. ವೆಲ್ಡಿಂಗ್ ಜನರೇಟರ್‌ಗೆ ಹಾಕಿದ್ರೆ ಕಿಡಿ ಹಾರಿ ಹಾರಿ ಕಮ್ಯುಟೇಟರ್ (ಬ್ರಷ್ ಉಜ್ಜೋ, ತಾಮ್ರದ ಪಟ್ಟಿಗಳ ದುಂಡು ಭಾಗ) ಮೇಲೆ ಗುಂಡಿ ಬೀಳುತ್ತೆ, ನೂರಿನ್ನೂರು ಉಳಿಸೋಕೆ ಹೋಗಿ ಅದು ಕೂತಿರೋ ತಿರುಗೋ ಭಾಗ, ಆರ್ಮೇಚರನ್ನೇ ಲೇತಿಗೆ ಹಾಕ್ಬೇಕಾಗುತ್ತೆ. ಇದಕ್ಕೆ ಸಾಮಾನ್ಯವಾಗಿ ಬೇಕಾಗೋದು ಎಲೆಕ್ಟ್ರೋಗ್ರಾಫೈಟ್ (ತುಂಬಾ ಬಿಸಿಯಲ್ಲಿ ಹದ ಮಾಡಿದ ಕಾರ್ಬನ್) ಗ್ರೇಡು. ಗುವಾಹಟಿಯ ಅಸ್ಸಾಂ ಕಾರ್ಬನ್ ತರದ ತಯಾರಕರ ಮಾಲು ಡೀಲರ್ ಹತ್ರ ಸಿಗುತ್ತೆ, ಸೈಜ್ ಇಲ್ದಿದ್ರೆ ಅದೇ ಗ್ರೇಡಿನ ದೊಡ್ಡ ಬ್ಲಾಕಿಂದ ಕತ್ತರಿಸಿ ಕೊಡೋ ಅಂಗಡಿಗಳೂ ಇವೆ. ಬದಲಾಯಿಸಿದ್ರೆ ಪೂರ್ತಿ ಸೆಟ್ಟೇ ಬದಲಾಯಿಸಿ. ಎರಡು ಹೊಸದು ಎರಡು ಹಳೇದು ಹಾಕಿದ್ರೆ ಲೋಡೆಲ್ಲ ಒಂದೇ ಕಡೆ ಬಿದ್ದು ಅದೇ ಮೊದ್ಲು ಸುಡೋದು. ಸ್ಪ್ರಿಂಗ್ ನೀಲಿ ತಿರುಗಿದ್ರೆ ಬಿಸಿ ತಿಂದಿದೆ ಅಂತರ್ಥ, ಅದನ್ನೂ ತಗೊಳ್ಳಿ.

ತಂದು ಸುಮ್ನೆ ಸಿಕ್ಕಿಸಿದ್ರೆ ಆಗಲ್ಲ, ಬ್ರಷ್ ತುದಿ ಚಪ್ಪಟೆ, ಕಮ್ಯುಟೇಟರ್ ದುಂಡಗೆ. ಕಮ್ಯುಟೇಟರ್ ಸುತ್ತ ಸ್ಯಾಂಡ್ ಪೇಪರನ್ನ ಒರಟು ಭಾಗ ಬ್ರಷ್ ಕಡೆ ಬರೋ ಹಂಗೆ ಸುತ್ತಿ, ತಿರುಗೋ ದಿಕ್ಕಿಗೆ ಎಳೆದೆಳೆದು ಬ್ರಷ್ ತುದಿಗೆ ಆ ದುಂಡು ತನ್ನಿ. ಎಮರಿ ಪೇಪರ್ ಬೇಡವೇ ಬೇಡ, ಅದರ ಗಟ್ಟಿ ಪುಡಿ ತಾಮ್ರದೊಳಗೆ ಕೂತ್ಕೊಂಡು ಹೊಸ ಬ್ರಷ್ಷನ್ನೇ ತಿನ್ನುತ್ತೆ. ಕಮ್ಯುಟೇಟರ್ ಪಟ್ಟಿಗಳ ಮಧ್ಯದ ಮೈಕಾ ತಾಮ್ರದ ಮಟ್ಟಕ್ಕೆ ಬಂದಿದ್ರೆ ಹ್ಯಾಕ್ಸಾ ಬ್ಲೇಡಿನ ಹಲ್ಲಿನ ಎರಡೂ ಪಕ್ಕ ಮಸೆದು ತೆಳು ಮಾಡ್ಕೊಂಡು ಸುಮಾರು 1 ಎಂಎಂ ಆಳ ಕೆರೀರಿ, ಬೇಸರ ಬಂದ್ರೂ ಒಂದೊಂದು ಗೆರೆನೂ ಬಿಡ್ಬೇಡಿ. ಆಮೇಲೆ ಪುಡಿಯೆಲ್ಲ ಗಾಳಿ ಹೊಡೆದು ಆಚೆ ಹಾಕಿ. ತಾಮ್ರ ಕಾಫಿ ಬಣ್ಣಕ್ಕೆ ತಿರುಗಿ ನುಣ್ಣಗೆ ಹೊಳೀತಿದ್ರೆ ಅದು ಕೊಳೆ ಅಲ್ಲ, ಆರೋಗ್ಯ. ಅದನ್ನ ಉಜ್ಜಿ ಚಿನ್ನದ ಹಂಗೆ ಮಾಡೋ ಹುಡುಗ್ರಿಗೆ ನಾನಂತೂ ಬೈತೀನಿ.

ಹಂತ 4: ಬೇರಿಂಗು, ಬೆಲ್ಟು, ಸ್ಪೈಡರು

ಇದು ಸುಲಭ. ಬೇರಿಂಗ್ ಮೇಲೆ 6309 ಅಂತಿದ್ರೆ ಕೊನೇ ಎರಡು ಅಂಕಿನ ಐದರಿಂದ ಗುಣಿಸಿ, 45 ಎಂಎಂ ಶಾಫ್ಟು. ನಂಬರ್ ಅಳಿಸಿದ್ರೆ ಒಳಗೆ, ಹೊರಗೆ, ದಪ್ಪ ಅಳೀರಿ, 6309 ಆದ್ರೆ 45, 100, 25 ಬರುತ್ತೆ. ನಂಬರ್ ಆದ್ಮೇಲೆ ಸಿ3 ಅಂತಿದ್ರೆ ಸಿ3ನೇ ತರ್ಬೇಕು, ಬಿಸಿಗೆ ಹಿಗ್ಗೋಕೆ ಜಾಗ ಇರೋದು ಅದರಲ್ಲಿ. ಬೇರಿಂಗಲ್ಲಿ ಡೂಪ್ಲಿಕೇಟ್ ಜಾಸ್ತಿ, ಬಿಲ್ ಕೊಡದ ಅಂಗಡಿ ಕಡೆ ತಲೆ ಹಾಕ್ಬೇಡಿ. ಬೆಲ್ಟಲ್ಲಿ ಬಿ-42 ಅಂದ್ರೆ ಬಿ ಸೆಕ್ಷನ್, ಒಳಗಿನ ಉದ್ದ 42 ಇಂಚು. ಇಂಜಿನ್ನು ಜನರೇಟರ್ ಸೇರಿಸೋ ಕಪ್ಲಿಂಗ್ ಮಧ್ಯದ ರಬ್ಬರ್ ಸ್ಪೈಡರನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ.

ಹಂತ 5: ಇಂಜಿನ್ನು

ಕಿರ್ಲೋಸ್ಕರ್ ತರದ ಇಂಜಿನ್ ಆದ್ರೆ ನಿಮ್ಮ ಅದೃಷ್ಟ, ಪಿಸ್ಟನ್ನು ರಿಂಗು ಗ್ಯಾಸ್ಕೆಟ್ಟು ಜಿಲ್ಲಾ ಕೇಂದ್ರದಲ್ಲೇ ಸಿಗುತ್ತೆ. ಪೂರ್ತಿ ಕಿಟ್ ತರೋಕೆ ಮುಂಚೆ ಬೋರ್ ಅಳೆಸಿ, ಹಿಂದೆ ಯಾರಾದ್ರೂ ಓವರ್‌ಸೈಜ್ ಮಾಡ್ಸಿದ್ರೆ ಸ್ಟ್ಯಾಂಡರ್ಡ್ ಪಿಸ್ಟನ್ ಒಳಗೆ ಗಡಗಡ ಅನ್ನುತ್ತೆ. ರಾಜ್‌ಕೋಟ್ ಕಡೆಯಿಂದ ಬರೋ ಅಗ್ಗದ ಮಾಲಲ್ಲಿ ಒಳ್ಳೇದೂ ಇದೆ, ಕೆಟ್ಟದ್ದೂ ಇದೆ. ನಾನು ಗ್ಯಾಸ್ಕೆಟ್ಟು, ಬೋಲ್ಟು ತಗೋತೀನಿ, ರಿಂಗು ಮಾತ್ರ ತಗೊಳ್ಳಲ್ಲ.

ಇಂಜೆಕ್ಟರ್ ನಾಜಲ್ ಕಣ್ಣಳತೆಯಲ್ಲಿ ತರೋ ವಸ್ತುನೇ ಅಲ್ಲ. ನೋಡೋಕೆ ಒಂದೇ ತರ ಇದ್ರೂ ಸಿಂಪಡಿಸೋ ಕೋನ ಬೇರೆ, ತೂತು ಬೇರೆ. ನಾಜಲ್ ಮೇಲೆ ಡಿಎಲ್‌ಎಲ್‌ಎ 150 ಅಂತ ಶುರುವಾದ್ರೆ ಆ 150 ಸಿಂಪಡಿಸೋ ಕೋನ, ಮುಂದಿನ ಅಕ್ಷರ ಅಂಕಿ ಅಷ್ಟನ್ನೂ ಬರ್ಕೊಳ್ಳಿ. 1951ರಲ್ಲಿ ಬೆಂಗಳೂರಲ್ಲಿ ಶುರುವಾದ ಮೈಕೋ, 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸ್ಕೊಂಡ್ರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಮೈಕೋನೇ, ಅಂಗಡಿಯಲ್ಲಿ ಹಂಗೇ ಕೇಳಿ. ಡೀಸೆಲ್ ಪಂಪಿನ ಎಲಿಮೆಂಟ್ (ಪ್ಲಂಜರ್ ಮತ್ತು ಬ್ಯಾರೆಲ್) ಜೋಡಿನ ಅದಲುಬದಲು ಮಾಡ್ಬೇಡಿ, ಅವೆರಡೂ ಗಂಡ ಹೆಂಡ್ತಿ ಇದ್ದಂಗೆ, ಒಂದು ಸವೆದ್ರೆ ಎರಡೂ ಒಟ್ಟಿಗೇ ಹೋಗ್ಬೇಕು.

ಇಂಜಿನ್ ಪೂರ್ತಿ ಸತ್ತಿದ್ರೆ ಗುಜರಿಯಿಂದ 5 ಹೆಚ್‌ಪಿ ಪಂಪ್‌ಸೆಟ್ ಇಂಜಿನ್ ತಂದು ಕೂರಿಸೋ ಆಸೆ ಬೇಡ. ಲೆಕ್ಕ ನೋಡಿ: 200 ಆಂಪ್‌ಗೆ ಆರ್ಕಲ್ಲಿ 28 ವೋಲ್ಟ್ ಅಂದ್ರೆ 5.6 ಕಿಲೋವ್ಯಾಟ್, ಹಳೇ ಜನರೇಟರ್ ಅರ್ಧದಷ್ಟನ್ನ ಬಿಸಿ ಮಾಡಿ ಕಳೆಯುತ್ತೆ ಅಂತಿಟ್ಕೊಂಡ್ರೆ ಇಂಜಿನ್ 11 ಕಿಲೋವ್ಯಾಟ್, ಅಂದ್ರೆ 15 ಹೆಚ್‌ಪಿ ಕೊಡ್ಬೇಕು. ಆರ್‌ಪಿಎಂ ಕೂಡ ಜನರೇಟರ್ ಪ್ಲೇಟಲ್ಲಿ ಇರೋದೇ ಆಗಿರ್ಬೇಕು.

ಹಂತ 6: ಟ್ರಯಲ್

ಮೊದ್ಲು ಅರ್ಧ ಗಂಟೆ ಲೋಡಿಲ್ದೆ ಓಡಿಸಿ. ಆಮೇಲೆ ಹತ್ತು ನಂಬರ್ ರಾಡು, ಅಂದ್ರೆ 3.15 ಎಂಎಂ, 100 ಆಂಪ್ ಹತ್ರ ಇಟ್ಟು ಗುಜರಿ ಪ್ಲೇಟ್ ಮೇಲೆ ಸುಡ್ತಾ ಹೋಗಿ, ಇನ್ನೊಬ್ಬರು ಬ್ರಷ್ ಕಡೆ ಕಣ್ಣಿಟ್ಟಿರ್ಲಿ. ಸೂಜಿಮೊನೆಯಷ್ಟು ಕಿಡಿ ಪರ್ವಾಗಿಲ್ಲ, ಕಮ್ಯುಟೇಟರ್ ಸುತ್ತ ಉಂಗುರದ ಹಂಗೆ ಬೆಂಕಿ ಓಡಿದ್ರೆ ತಕ್ಷಣ ನಿಲ್ಸಿ. ಎಂಟು ನಂಬರ್ ರಾಡು ಎರಡನೇ ದಿನಕ್ಕಿರ್ಲಿ. 50 ಗಂಟೆ ಓಡಿದ್ಮೇಲೆ ಆಯಿಲ್ ಚೇಂಜ್ ಮಾಡಿ, ಇಂಜಿನ್ ತಣ್ಣಗಿರೋವಾಗ ಹೆಡ್ ನಟ್‌ಗಳನ್ನ ಇನ್ನೊಂದ್ಸಲ ಟಾರ್ಕ್ ರೆಂಚಲ್ಲಿ ನೋಡ್ಕೊಂಡು, ಟ್ಯಾಪೆಟ್ (ವಾಲ್ವ್) ಗ್ಯಾಪನ್ನೂ ಆಗ್ಲೇ ಸರಿ ಮಾಡ್ಕೊಳ್ಳಿ.