ಸೈಕಲ್ ತುಳಿದೇ ಮನೆ ಹುಡುಕಿದೆ: ಬೆಂಗಳೂರಿನಿಂದ ಹೆಬ್ಬಾಲೆಗೆ

ಕುಶಾಲನಗರದಲ್ಲಿ ಕೆಲಸ ಸಿಕ್ಕಿತು ಅಂದಾಗ ಬೆಂಗಳೂರಿನ ಗೆಳತಿಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಮಡಿಕೇರಿಲಿ ಮನೆ ಮಾಡ್ತೀಯಾ?" ಕೊಡಗು ಅಂದರೆ ಅವರಿಗೆ ಮಡಿಕೇರಿ, ಮಂಜು, ಕಾಫಿ ತೋಟ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲೂ ಆಗ ಅದೇ ಚಿತ್ರ ಇತ್ತು. ಹೆಂಚಿನ ಮನೆ, ಹಿಂದೆ ತೋಟ, ಬೆಳಿಗ್ಗೆ ಮಂಜಿನಲ್ಲಿ ಸೈಕಲ್ ಹತ್ತಿ ಕೆಲಸಕ್ಕೆ ಹೋಗೋದು.

ಕೆಲಸ ಒಂದು ಕಾಫಿ ವ್ಯಾಪಾರದ ಆಫೀಸಿನಲ್ಲಿ, ಲೆಕ್ಕಪತ್ರ ನೋಡುವುದು. ಅದಕ್ಕೂ ಮೊದಲು 11 ವರ್ಷ ಬೆಂಗಳೂರಿನಲ್ಲಿದ್ದೆ. ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ವಾರಕ್ಕೆ ನಾಲ್ಕು ದಿನವಾದರೂ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೆ. ಬೊಮ್ಮನಹಳ್ಳಿ ಹತ್ತಿರ ಬಸ್ಸಿಗೂ ಡಿವೈಡರ್‌ಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಸಂಜೆ ಆದಮೇಲೆ ಸಾಕು ಅನ್ನಿಸಿತು. ಸೈಕಲ್ ಬಿಡುವ ಯೋಚನೆ ಮಾತ್ರ ಬರಲಿಲ್ಲ. ಊರನ್ನೇ ಬಿಡೋಣ ಅಂದೆ. ಗಂಡನಿಗೆ ಮನೆಯಿಂದಲೇ ಕೆಲಸ, ಇಂಟರ್ನೆಟ್ ಇದ್ದರೆ ಸಾಕು, ಹಾಗಾಗಿ ಎಲ್ಲಿರಬೇಕು ಅನ್ನೋದು ನನ್ನ ಪೆಡಲ್ ಮೇಲೇ ನಿಂತಿತ್ತು.

ಮ್ಯಾಪ್ ನೋಡಿ ಮೊದಲು ನಾಲ್ಕೈದು ಊರು ಗುರುತು ಹಾಕಿಕೊಂಡೆ. ಮಡಿಕೇರಿ, ಸುಂಟಿಕೊಪ್ಪ, ಗುಡ್ಡೆಹೊಸೂರು, ಹೊಳೆ ಆಚೆಯ ಕೊಪ್ಪ, ಕೂಡಿಗೆ. ಹೆಬ್ಬಾಲೆ ಆ ಪಟ್ಟಿಯಲ್ಲೇ ಇರಲಿಲ್ಲ. ಆಮೇಲೆ ಒಂದು ತೀರ್ಮಾನ ಮಾಡಿದೆ, ಇವತ್ತಿಗೂ ಅದಕ್ಕೆ ಖುಷಿಯಿದೆ: ಮನೆ ನೋಡೋಕೆ ಡಿಸೆಂಬರಿನಲ್ಲಿ ಬರಬಾರದು, ಜುಲೈಯಲ್ಲೇ ಬರಬೇಕು. ಡಿಸೆಂಬರಿನಲ್ಲಿ ಕೊಡಗಿನ ಯಾವ ರಸ್ತೆಯೂ ಚೆಂದವೇ. ಕುಶಾಲನಗರದಲ್ಲಿ ನೆಂಟರ ಮನೆ ಇತ್ತು, ಅಲ್ಲಿ ಹತ್ತು ದಿನ ಉಳಿದುಕೊಂಡೆ. ಒಂದೊಂದು ಊರಿಗೂ ಸಂಜೆ ಆಫೀಸು ಬಿಡುವ ಹೊತ್ತಿಗೆ ಹೊರಟು ಹೋಗಿ ನೋಡೋದು, ಬೆಳಿಗ್ಗೆ ಅಲ್ಲಿಂದ ಆಫೀಸು ಹೊತ್ತಿಗೆ ಬರೋದು. ಬ್ಯಾಗಿನಲ್ಲಿ ಲ್ಯಾಪ್‌ಟಾಪಿನಷ್ಟೇ ತೂಕದ ಅಕ್ಕಿ ಪ್ಯಾಕೆಟ್.

ಮಡಿಕೇರಿ ಮೊದಲ ದಿನವೇ ಬಿಟ್ಟುಹೋಯಿತು. ದೂರ 30 ಕಿ.ಮೀ. ಆಸುಪಾಸು. ಭಾನುವಾರ ಒಂದು ಸಲ ತುಳಿಯೋಕೆ ಅದು ದೊಡ್ಡ ದೂರವಲ್ಲ. ಆದರೆ ಮಡಿಕೇರಿ ಇರೋದು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ, ಕುಶಾಲನಗರ 800 ಚಿಲ್ಲರೆ ಮೀಟರಿನಲ್ಲಿ. ಬೆಳಿಗ್ಗೆ ಇಳಿಜಾರು, ಸಂಜೆ ಏರು. ದಿನವಿಡೀ ಕೂತು ಲೆಕ್ಕ ನೋಡಿ ಸುಸ್ತಾದ ಕಾಲಿಗೆ ಏರು ಬರೋದು ಬೇಡವೇ ಬೇಡ. ಇದನ್ನು ಯಾರಾದರೂ ಮನೆ ಹುಡುಕುವಾಗ ಗಮನಿಸಲೇಬೇಕು: ಏರು ಎಷ್ಟಿದೆ ಅನ್ನೋದಕ್ಕಿಂತ ಯಾವ ಹೊತ್ತಿಗೆ ಬರುತ್ತದೆ ಅನ್ನೋದು ಮುಖ್ಯ. ಜೊತೆಗೆ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ, ಕುಶಾಲನಗರದ ಕಡೆ ಅದರ ಮೂರನೇ ಒಂದು ಭಾಗದಷ್ಟು ಅಷ್ಟೇ. ಒಂದೇ ಜಿಲ್ಲೆ, ಒಂದೇ ರಸ್ತೆ. ನಾನು ಮಡಿಕೇರಿಯಿಂದ ಇಳಿದ ಬೆಳಿಗ್ಗೆ ಬೋಯಿಕೇರಿವರೆಗೂ ರೈನ್‌ಕೋಟಿನ ಒಳಗೂ ಮಳೆ, ಕುಶಾಲನಗರಕ್ಕೆ ಬಂದರೆ ರಸ್ತೆ ಒಣಗಿತ್ತು.

ಸುಂಟಿಕೊಪ್ಪ ಬಿಡೋದು ಮಾತ್ರ ತುಂಬಾ ಕಷ್ಟವಾಯಿತು. ಸುಮಾರು 15 ಕಿ.ಮೀ. ಪೇಟೆ ಚಿಕ್ಕದು, ಬೇಕಾದ್ದೆಲ್ಲ ಸಿಗುತ್ತದೆ, ಸುತ್ತ ತೋಟ. ನಾನು ಕನಸು ಕಂಡಂಥದ್ದೇ ಒಂದು ಮನೆಯೂ ಸಿಕ್ಕಿತ್ತು. ಬಾಡಿಗೆ ಕೈಗೆಟುಕುವಂತಿತ್ತು. ಏರು ಇದೆ, ಆದರೆ ಗೇರ್ ಇರುವ ಸೈಕಲ್ಲಿಗೆ ಅದು ದೊಡ್ಡದಲ್ಲ. ಮೂರು ದಿನ ಓಡಾಡಿದೆ, ಮೂರು ದಿನವೂ ಇಷ್ಟವಾಯಿತು. ನಾಲ್ಕನೇ ಸಂಜೆ ಗುಡ್ಡೆಹೊಸೂರು ದಾಟಿ ಆನೆಕಾಡಿನ ಒಳಗೆ ಹೋಗುತ್ತಿದ್ದಾಗ ಮುಂದೆ ವಾಹನಗಳು ಸಾಲಾಗಿ ನಿಂತಿದ್ದವು. ಯಾರೂ ಹಾರ್ನ್ ಮಾಡುತ್ತಿರಲಿಲ್ಲ. ಒಂದು ಪಿಕಪ್‌ನ ಡ್ರೈವರ್ ಕೈ ಸನ್ನೆ ಮಾಡಿ ಹತ್ತಿರ ಕರೆದರು, "ಅಕ್ಕಾ, ಸೈಕಲ್ ಹಿಂದೆ ಹಾಕಿ, ನೀವು ಒಳಗೆ ಕೂತ್ಕೊಳಿ, ಮರಿ ಇದೆ" ಅಂದರು. ಮರಿ ಇದ್ದ ಮೇಲೆ ತಾಯಿ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ನೋಡಿದ್ದು ಮರಗಳ ನಡುವೆ ಒಂದು ಬೂದು ಬೆನ್ನು, ಅಷ್ಟೇ. ಇಪ್ಪತ್ತು ನಿಮಿಷ ಆದಮೇಲೆ ದಾರಿ ಬಿಟ್ಟಿತು.

ಆ ಜಾಗಕ್ಕೆ ಆನೆಕಾಡು ಅಂತ ಸುಮ್ನೆ ಹೆಸರಿಟ್ಟಿಲ್ಲ ಅಲ್ವಾ. ಎರಡೂ ಕಡೆ ಕಾಡು, ಅದು ಅವುಗಳ ದಾರಿ. ಮುಂಜಾನೆ ಮತ್ತು ಮುಸ್ಸಂಜೆ ಅವು ಓಡಾಡುವ ಹೊತ್ತು, ನನ್ನ ಆಫೀಸು ಬಿಡುವ ಹೊತ್ತೂ ಅದೇ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲು. ಕಾರಿನವರಿಗೆ ಗಾಜು ಇದೆ, ಎಂಜಿನ್ ಇದೆ. ಸೈಕಲ್ ಸದ್ದೇ ಮಾಡುವುದಿಲ್ಲ, ಆನೆಗೂ ನಾವು ಬರೋದು ಗೊತ್ತಾಗುವುದಿಲ್ಲ, ಅದೇ ಅಪಾಯ. ವರ್ಷಕ್ಕೆ ಒಂದೆರಡು ಸಲ ಎದುರಾದರೂ ಸಾಕು. ಆ ಮನೆ ಬೇಡ ಅಂತ ಫೋನ್ ಮಾಡಿ ಹೇಳುವಾಗ ಬೇಜಾರಾಯಿತು, ಈಗಲೂ ಆ ಜಗಲಿ ನೆನಪಾಗುತ್ತದೆ.

ಗುಡ್ಡೆಹೊಸೂರು ಕಾಡಿಗೆ ಈಚೆಗಿದೆ, ಹತ್ತಿರವೂ ಹೌದು. ಅಲ್ಲಿ ತೊಂದರೆ ಹೆದ್ದಾರಿ. ಶನಿವಾರ ಬಂತೆಂದರೆ ನಿಸರ್ಗಧಾಮಕ್ಕೆ, ದುಬಾರೆಗೆ, ಮಡಿಕೇರಿಗೆ ಹೋಗುವ ಕಾರುಗಳೆಲ್ಲ ಅದೇ ರಸ್ತೆಯಲ್ಲಿ. ನನಗೆ ಶನಿವಾರವೂ ಆಫೀಸು ಇದೆ. ಬೆಂಗಳೂರಿನಿಂದ ಓಡಿ ಬಂದು ಬೆಂಗಳೂರಿನ ಕಾರುಗಳ ನಡುವೆಯೇ ತುಳಿಯೋದು ಬೇಡ ಅನ್ನಿಸಿತು. ಕೊಪ್ಪದ್ದೂ ಅದೇ ಕಥೆ. ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು, ಸಮತಟ್ಟು ನೆಲ. ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪುಗಳ ಒಳರಸ್ತೆಗಳಂತೂ ಜೋಳದ ಹೊಲಗಳ ನಡುವೆ ಸೈಕಲ್ಲಿಗೇ ಮಾಡಿದ ಹಾಗಿವೆ. ಭಾನುವಾರ ಈಗಲೂ ಅಲ್ಲಿಗೆ ಹೋಗುತ್ತೇನೆ. ಆದರೆ ದಿನಾ ಆ ಸೇತುವೆ, ಆ ಹೆದ್ದಾರಿ ದಾಟಬೇಕು.

ಕುಶಾಲನಗರದ ಒಳಗೇ ಮನೆ ಮಾಡಿ ಅಂತ ನೆಂಟರು ಹೇಳಿದರು. ಬ್ರೋಕರ್ ಒಬ್ಬರು ಹೊಳೆ ಹತ್ತಿರ ಒಂದು ಚೆಂದದ ಮನೆ ತೋರಿಸಿದರು. 2018ರಲ್ಲಿ, 2019ರಲ್ಲಿ ಕಾವೇರಿ ಉಕ್ಕಿ ಇಲ್ಲಿನ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ನನಗೆ ಗೊತ್ತಿತ್ತು. ಕೇಳಿದರೆ "ಈ ಕಡೆಗೆ ಬಂದಿಲ್ಲ ಮೇಡಂ" ಅಂದರು. ಪಕ್ಕದ ಮನೆಯ ಅಜ್ಜಿ ಏನೂ ಮಾತಾಡದೆ ತಮ್ಮ ಕಾಂಪೌಂಡ್ ಗೋಡೆಯ ಮೇಲೆ ಕೈ ಇಟ್ಟು ತೋರಿಸಿದರು. ನನ್ನ ಸೊಂಟದಷ್ಟು ಎತ್ತರದಲ್ಲಿ ಒಂದು ಗೆರೆ, ಬಣ್ಣ ಬಳಿದಿದ್ದರೂ ಕಾಣುತ್ತಿತ್ತು. ಮನೆ ನೋಡೋಕೆ ಹೋದಾಗ ಅಕ್ಕಪಕ್ಕದವರನ್ನು ಕೇಳಿ, ಅದರಲ್ಲೂ ವಯಸ್ಸಾದವರನ್ನು.

ಉಳಿದದ್ದು ಹಾಸನದ ಕಡೆಗೆ ಹೋಗುವ ರಸ್ತೆ. ಕೂಡುಮಂಗಳೂರು, ಕೂಡಿಗೆ, ಹೆಬ್ಬಾಲೆ, ಮುಂದೆ ಶಿರಂಗಾಲ. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಕೂಡುತ್ತದೆ, ಊರಿನ ಹೆಸರಲ್ಲೇ ಅದಿದೆ. ಅಲ್ಲಿಗೆ ಮನೆ ನೋಡೋಕೆಂದು ಹೋದವಳು ಹಾಗೇ ಮುಂದೆ ತುಳಿದೆ. ಮಳೆ ನಿಂತಿತ್ತು, ಹಿಂದಿನಿಂದ ಗಾಳಿ ತಳ್ಳುತ್ತಿತ್ತು. ಕೂಡಿಗೆ ದಾಟಿದ ಮೇಲೆ ಕೊಡಗು ಕೊಡಗಿನ ಹಾಗೆ ಕಾಣುವುದೇ ಇಲ್ಲ. ಜೋಳ, ಶುಂಠಿ, ನಾಲೆ ನೀರಿನ ಗದ್ದೆ, ತೆಂಗು. ದೂರಕ್ಕೆ ಕಣ್ಣು ಹಾಯುತ್ತದೆ. ಕಣಿವೆಯ ತೂಗುಸೇತುವೆ ಹತ್ತಿರ ಸೈಕಲ್ ನಿಲ್ಲಿಸಿ ಟೀ ಕುಡಿದು ಹೆಬ್ಬಾಲೆ ತಲುಪಿದೆ. ಕುಶಾಲನಗರದಿಂದ ಸುಮಾರು 10 ಕಿ.ಮೀ. ಇಷ್ಟೂ ದಾರಿಯಲ್ಲಿ ಅತಿ ಸಣ್ಣ ಗೇರ್ ಒಂದು ಸಲವೂ ಹಾಕಿರಲಿಲ್ಲ.

ಚೆಂದದ ಫೋಟೋಗೆ ಬೇಕಾದ ಊರಲ್ಲ ಅಂತ ಅನೇಕರು ಹೇಳುತ್ತಾರೆ. ನನಗೆ ಬೇಕಾದದ್ದೆಲ್ಲ ಇತ್ತು. ಈ ರಸ್ತೆಯಲ್ಲಿ ಖಾಸಗಿ ಬಸ್ಸು ಓಡಾಡುತ್ತವೆ. ಇದು ತುಂಬಾ ಮುಖ್ಯ. ಸೈಕಲ್ ಕೈಕೊಟ್ಟ ದಿನ, ಜ್ವರ ಬಂದ ದಿನ, ಮನೆಗೆ ಬರೋಕೆ ಇನ್ನೊಂದು ದಾರಿ ಇರಲೇಬೇಕು. ಎರಡು ಸಲ ಕಂಡಕ್ಟರ್ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡಿದ್ದಾರೆ. ಆನೆ ಇಲ್ಲವೇ ಇಲ್ಲ ಅಂತ ಹೇಳಲಾರೆ, ಹುದುಗೂರು, ಯಡವನಾಡಿನ ಕಡೆ ಕಾಡಿದೆ. ಆದರೆ ನನ್ನ ದಾರಿ ಉದ್ದಕ್ಕೂ ಮನೆಗಳಿವೆ, ಅಂಗಡಿಗಳಿವೆ. ಕತ್ತಲಲ್ಲಿ ಒಬ್ಬಳೇ ಬರುವವಳಿಗೆ ಅದು ದೊಡ್ಡ ಧೈರ್ಯ. ಮನೆಯನ್ನು ಹೊಳೆಯಿಂದ ದೂರ, ರಸ್ತೆಯ ಮೇಲ್ಗಡೆ ನೋಡಿ ಹಿಡಿದೆ.

ಕಷ್ಟಗಳೂ ಇವೆ. ಜೂನ್, ಜುಲೈಯಲ್ಲಿ ಬೆಳಿಗ್ಗೆ ಎದುರುಗಾಳಿ, 35 ನಿಮಿಷದ ದಾರಿಗೆ 50 ನಿಮಿಷ ಬೇಕು. ಸಂಜೆ ಅದೇ ಗಾಳಿ ಬೆನ್ನಿಗೆ, ಅದಕ್ಕೆ ಸಹಿಸಬಹುದು. ಶುಂಠಿ ಲಾರಿಗಳು ಜೋರು. ರಸ್ತೆ ಅಂಚಿನ ಮಣ್ಣು ಮಳೆಯಲ್ಲಿ ಕೊಚ್ಚಿ ಟಾರಿಗಿಂತ ಕೆಳಗೆ ಇಳಿದಿರುತ್ತದೆ, ಪಕ್ಕಕ್ಕೆ ಸರಿಯುವಾಗ ಚಕ್ರ ಜಾರುತ್ತದೆ. ಒಂದು ಸಲ ಹಾಗೆ ಬಿದ್ದು ಮೊಣಕೈ ತರಚಿತ್ತು. ಈಗ ಕನ್ನಡಿ ಹಾಕಿಸಿದ್ದೇನೆ, ಹಿಂದಿನ ಲಾರಿ ನೋಡಿ ಮೊದಲೇ ನಿಧಾನ ಮಾಡುತ್ತೇನೆ.

ಸೈಕಲ್ ವಿಷಯದಲ್ಲೂ ಬದಲಾವಣೆ ಮಾಡಿಕೊಂಡೆ. ಬೆಂಗಳೂರಿನ ತೆಳು ಟೈರ್ ತೆಗೆದು 38 ಮಿ.ಮೀ. ಟೈರ್ ಹಾಕಿದೆ, ಪೂರ್ತಿ ಮಡ್‌ಗಾರ್ಡ್ ಹಾಕಿದೆ. ನನ್ನ ಟ್ಯೂಬುಗಳಲ್ಲಿ ಸಪೂರದ ಪ್ರೆಸ್ಟಾ ವಾಲ್ವ್ ಇತ್ತು. ಇಲ್ಲಿನ ಪಂಕ್ಚರ್ ಅಂಗಡಿಯ ಪಂಪಿಗೆ ಅದು ಕೂರುವುದಿಲ್ಲ. ಬೈಕಿನ ಟೈರಿಗಿರುವಂಥ ಶ್ರೇಡರ್ ವಾಲ್ವಿನ ಟ್ಯೂಬ್ ಹಾಕಬೇಕೆಂದರೆ ರಿಮ್ಮಿನ ತೂತು ದೊಡ್ಡದು ಮಾಡಬೇಕು, ಅದಕ್ಕೆ ಸದ್ಯಕ್ಕೆ ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಕೀಗೊಂಚಲಿಗೇ ಸಿಕ್ಕಿಸಿದ್ದೇನೆ. ಚೈನ್, ಡಿಸ್ಕ್ ಬ್ರೇಕ್ ಪ್ಯಾಡ್ ಬೇಕೆಂದರೆ ಮೈಸೂರಿಗೇ ಹೋಗಬೇಕು, ಕೊಡಗಿಗೆ ರೈಲೂ ಇಲ್ಲ, ಬಸ್ಸಲ್ಲೇ ಹೋಗಿ ಬರೋದು. ಅದಕ್ಕೆ ಎಲ್ಲವನ್ನೂ ಒಂದೊಂದು ಜೋಡಿ ಮನೆಯಲ್ಲಿ ಇಟ್ಟಿರುತ್ತೇನೆ.

ಜನವರಿಯಲ್ಲಿ ಕಾಫಿ ಕೊಯ್ಲು ಜೋರಾಗಿರುವಾಗ ಕೂಡ್ಲೂರಿನ ಹತ್ತಿರ ಬಂದರೆ ಕ್ಯೂರಿಂಗ್ ವರ್ಕ್ಸ್‌ಗಳ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗಳ, ಕಡೆಯಿಂದ ಒಣ ಕಾಫಿಯ ವಾಸನೆ ಗಾಳಿಯಲ್ಲಿ ಬರುತ್ತದೆ. ತೋಟದ ನಡುವಿನ ಮನೆ ಸಿಗಲಿಲ್ಲ, ಆದರೆ ಆ ಒಂದು ತಿರುವಿನಲ್ಲಿ ದಿನಾ ಬೆಳಿಗ್ಗೆ ಪೆಡಲ್ ಸ್ವಲ್ಪ ನಿಧಾನ ಮಾಡುತ್ತೇನೆ. ಮೊನ್ನೆ ಮನೆ ಓನರ್ ಬಂದು ಬಾಡಿಗೆ ಕರಾರು ಇನ್ನೊಂದು ವರ್ಷಕ್ಕೆ ಬರೆದುಕೊಟ್ಟರು. ಸೈಕಲ್ ನೆನೆಯುತ್ತದೆ ಅಂತ ಹಿತ್ತಲಲ್ಲಿ ಎರಡು ಶೀಟು ಹೊದಿಸಿಕೊಡುತ್ತೇನೆ ಅಂದಿದ್ದಾರೆ, ಮಳೆ ಹಿಡಿಯುವ ಮೊದಲೇ.