ಅಟ್ಟದಿಂದ ಅಂಗಳಕ್ಕೆ: ರಾಜ್ಯೋತ್ಸವಕ್ಕೆ ಊರಿನ ಇತಿಹಾಸ ಪ್ರದರ್ಶನ ಕಟ್ಟುವುದು ಹೇಗೆ?

ನವೆಂಬರ್ 1ರಂದು ಬಾವುಟ, ಮೆರವಣಿಗೆ, ಸಂಜೆ ಹಾಡು-ಕುಣಿತ ಎಲ್ಲ ಊರಲ್ಲೂ ಇರುತ್ತದೆ. ನಿಮ್ಮ ಊರಿನಲ್ಲಿ ನಾಲ್ಕೈದು ಜನರ ಇತಿಹಾಸ ಕೂಟವೊಂದಿದ್ದರೆ, ಅದರ ಜೊತೆಗೇ ಎರಡು ದಿನ ಊರಿನದೇ ಹಳೆಯ ವಸ್ತು, ಪಟ, ಕಾಗದಪತ್ರಗಳ ಪ್ರದರ್ಶನ ನಡೆಸಬಹುದು. ಎರಡು ಶಾಲಾ ಕೊಠಡಿ, ಹದಿನಾರು ಮೇಜು, ಎಂಟು ಮಂದಿ ಕಾರ್ಯಕರ್ತರಿದ್ದರೆ ಎಂಬತ್ತು ವಸ್ತುಗಳನ್ನು ಇಡಬಹುದು. ಇದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಜನರ ನಂಬಿಕೆ. ಒಂದು ಮನೆಯ ತಾಳೆಗರಿ ಕಟ್ಟಿನಲ್ಲಿ ಒಂದೇ ಒಂದು ಗರಿ ಕಳೆದುಹೋದರೂ ಮುಂದಿನ ವರ್ಷ ಆ ಬೀದಿಯವರು ಏನನ್ನೂ ಕೊಡುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಹೆಚ್ಚಿನ ಕೆಲಸ ವಸ್ತುವನ್ನು ತಂದಂತೆಯೇ ಹಿಂದಿರುಗಿಸುವುದಕ್ಕೆ ಸಂಬಂಧಿಸಿದ್ದು.

ಕೇಳಲು ಹೋಗುವ ಹೊತ್ತು

ದಸರೆಗೆ ಮೊದಲು ಮನೆ ತೊಳೆದು ಬಳಿಯುವ ವಾರವೇ ಸರಿಯಾದ ಸಮಯ. ಅಟ್ಟದಲ್ಲಿ ವರ್ಷಗಟ್ಟಲೆ ಕೂತ ಟ್ರಂಕು, ಲೆಕ್ಕದ ಪುಸ್ತಕ, ಕೊಳಗ, ಸೇರು ಎಲ್ಲ ಆಗಲೇ ಕೆಳಗಿಳಿಯುವುದು. ಅದೇ ವಾರ ಹಳೇ ಪೇಪರಿನವನ ಗಾಡಿಗೂ ಗುಜರಿ ಅಂಗಡಿಗೂ ಅವು ಹೋಗಿಬಿಡುವುದರಿಂದ ತಡ ಮಾಡಬಾರದು. ಮನೆಯ ಹಿರಿಯ ಹೆಂಗಸರನ್ನು ತಪ್ಪದೆ ಮಾತಾಡಿಸಿ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಯಜಮಾನರಿಗಿಂತ ಅಜ್ಜಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸರಸ್ವತಿ ಪೂಜೆ, ಆಯುಧಪೂಜೆಗಳಲ್ಲಿ ಓಲೆಗರಿ, ಹಳೇ ಪುಸ್ತಕ, ತಕ್ಕಡಿಗಳನ್ನೂ ಇಟ್ಟು ಪೂಜಿಸುವ ಮನೆಗಳಿವೆ. ಅಂಥ ಮನೆಗೆ ಪೂಜೆಗೆ ಮೊದಲೇ ಒಮ್ಮೆ ಹೋಗಿ, ಅರಿಶಿನ, ಕುಂಕುಮ, ಗಂಧವನ್ನು ನೇರವಾಗಿ ಗರಿಗೆ ಅಥವಾ ಕಾಗದಕ್ಕೆ ಹಚ್ಚದೆ ಮೇಲೆ ಹೊದಿಸಿದ ಬಟ್ಟೆಗೆ ಹಚ್ಚುವಂತೆ ವಿನಯದಿಂದ ಕೇಳಿಕೊಳ್ಳಿ. ಕಾಗದಕ್ಕೆ ಇಳಿದ ಅರಿಶಿನದ ಕಲೆ ಮತ್ತೆ ಹೋಗುವುದಿಲ್ಲ. ವಸ್ತುವನ್ನು ವಿಜಯದಶಮಿ ಕಳೆದ ಮೇಲೆಯೇ ತನ್ನಿ.

ತರಬಾರದ ಪಟ್ಟಿಯನ್ನೂ ಕೈಯಲ್ಲಿಟ್ಟುಕೊಳ್ಳಿ. ಜಿಂಕೆ ಕೊಂಬು, ಹುಲಿ ಉಗುರು, ಚರ್ಮ ಯಾವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳಿಗೆ ಮಾಲೀಕತ್ವ ಪ್ರಮಾಣಪತ್ರ ಬೇಕು. ಕೋವಿಯೂ ಬೇಡ. ನೆಲ ಅಗೆಯುವಾಗ ಸಿಕ್ಕ ನಾಣ್ಯ, ವಿಗ್ರಹವನ್ನು ಯಾರಾದರೂ ತೋರಿಸಿದರೆ, ಅದನ್ನು ಪ್ರದರ್ಶನಕ್ಕೆ ತರುವ ಬದಲು ತಹಶೀಲ್ದಾರರಿಗೆ ತಿಳಿಸಲು ಹೇಳಿ. ನಿಧಿಗೆ ಕಾನೂನೇ ಬೇರೆ. ನೂರು ವರ್ಷ ದಾಟಿದ ಕಲ್ಲು, ಲೋಹದ ಶಿಲ್ಪಗಳು 1972ರ ಪುರಾವಸ್ತು ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಣಿ ಪತ್ರವಿಲ್ಲದ ವಿಗ್ರಹವನ್ನು ಮುಟ್ಟಲೇಬೇಡಿ.

ರಸೀದಿ ಪುಸ್ತಕ

ವಸ್ತು ಕೈಗೆ ಬರುವ ಮೊದಲು ರಸೀದಿ ಬರೆಯಬೇಕು. ಮೂರು ಪ್ರತಿ ಬರುವ ಕಾರ್ಬನ್ ಪುಸ್ತಕ ಸಾಕು: ಒಂದು ಮನೆಯವರಿಗೆ, ಒಂದು ವಸ್ತುವಿನ ಜೊತೆಗೆ, ಒಂದು ಪುಸ್ತಕದಲ್ಲೇ. ಕ್ರಮಸಂಖ್ಯೆ, ಕೊಟ್ಟವರ ಹೆಸರು, ವಸ್ತು, ಅಳತೆ, ಈಗಿರುವ ಸ್ಥಿತಿ, ಹಿಂದಿರುಗಿಸುವ ದಿನಾಂಕ, ಎರಡು ಸಹಿ. ಇವುಗಳಲ್ಲಿ 'ಸ್ಥಿತಿ' ಎಂಬ ಕಾಲಂ ಖಾಲಿ ಬಿಟ್ಟಲ್ಲೇ ಜಗಳ ಹುಟ್ಟುವುದು. 'ಚೆನ್ನಾಗಿದೆ' ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. 'ಎಡ ಮೂಲೆ ಹರಿದಿದೆ, ಹಿಂಭಾಗದಲ್ಲಿ ಹುಳು ತಿಂದ 4 ತೂತು, ಕಟ್ಟಿನಲ್ಲಿ 62 ಗರಿ' ಎಂದು ಮನೆಯವರ ಎದುರಿಗೇ ಎಣಿಸಿ ಬರೆಯಿರಿ. ಮುಂದೆ, ಹಿಂದೆ, ಹಾಳಾದ ಜಾಗ ಹತ್ತಿರದಿಂದ, ಹೀಗೆ ಮೂರು ಫೋಟೊ ಅಲ್ಲೇ ತೆಗೆಯಿರಿ.

ಸಂಖ್ಯೆಯ ಚೀಟಿಯನ್ನು ಹತ್ತಿ ದಾರದಲ್ಲಿ ಸಡಿಲವಾಗಿ ಕಟ್ಟಿ. ಗೋಂದು, ಸೆಲ್ಲೋಟೇಪು, ಸ್ಟೇಪ್ಲರ್ ಪಿನ್ನು ಯಾವುದೂ ಮುಟ್ಟಬಾರದು. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ. ಹಳೇ ಫೋಟೊ ಹಿಂದೆ ಬರೆಯಲೇಬೇಕಿದ್ದರೆ ಮೆದು ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಭಾಗದ ಮುಖದ ಮೇಲೆ ಗೀರಾಗಿ ಮೂಡುತ್ತದೆ.

ಕಡತ, ಗರಿ, ಪಟ

ಹಳೇ ಶಾನುಭೋಗರ ಮನೆ, ಮಠ, ವರ್ತಕರ ಮನೆಗಳಲ್ಲಿ ಕಡತ ಸಿಗಬಹುದು. ಇಂದು ಕಚೇರಿಯ ಫೈಲಿಗೆ ನಾವು ಹೇಳುವ ಹೆಸರು ಇದರದೇ. ಬಟ್ಟೆಗೆ ಹುಣಸೆಬೀಜದ ಗಂಜಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಲ್ಲಿ ಬರೆದದ್ದು. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ, ಸ್ಲೇಟಿನ ಹಾಗೆ. ಸ್ಲೇಟಿನ ಹಾಗೆಯೇ ಅಳಿಸಿಯೂ ಹೋಗುತ್ತದೆ. 'ಧೂಳು ಕೂತಿದೆ' ಎಂದು ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು, ಆ ಪುಟದ ಲೆಕ್ಕ ಇನ್ನು ಯಾರಿಗೂ ಸಿಗುವುದಿಲ್ಲ. ಬೆರಳಿನಿಂದಲೂ ಅಕ್ಷರ ಸವರಬೇಡಿ. ಗೋಡೆಗೆ ತೂಗುಹಾಕಿದರೆ ತನ್ನದೇ ಭಾರಕ್ಕೆ ಮಡಿಕೆಯಲ್ಲಿ ಲೇಪ ಉದುರುತ್ತದೆ. ಮೇಜಿನ ಮೇಲೆ ಮಲಗಿಸಿ ಎರಡೇ ಮಡಿಕೆ ಬಿಚ್ಚಿಡಿ, ಉಳಿದ ಪುಟಗಳ ಫೋಟೊ ಪಕ್ಕದಲ್ಲಿರಲಿ.

ತಾಳೆಗರಿಯನ್ನು ಬಗ್ಗಿಸಬಾರದು, ನಾರಿನ ಗುಂಟ ಸೀಳಿಬಿಡುತ್ತದೆ. ದಾರ ಬಿಚ್ಚುವಾಗ ಎಳೆಯದೆ, ಗಂಟು ಸಡಿಲಿಸಿ, ಗರಿಗಳ ಕ್ರಮ ತಪ್ಪದಂತೆ ಒಂದೊಂದಾಗಿ ಬಲಕ್ಕೆ ಮಗುಚುತ್ತಾ ಹೋಗಿ. ಅಂಟಿಕೊಂಡ ಗರಿಗಳನ್ನು ಬಿಡಿಸಲು ಹೋಗಬೇಡಿ. ಅಕ್ಷರ ಮಾಸಿದೆಯೆಂದು ಎಣ್ಣೆ, ಮಸಿ ಹಚ್ಚುವ ಕೆಲಸ ಪಳಗಿದ ಸಂರಕ್ಷಕರದು. ಉತ್ಸಾಹದ ಹುಡುಗರ ಕೈಗೆ ಅದನ್ನು ಕೊಡಬೇಡಿ.

ಹಳೇ ಫೋಟೊಗಳ ಮೂಲಪ್ರತಿಯನ್ನು ಪ್ರದರ್ಶನಕ್ಕೆ ಇಡದಿರುವುದೇ ಒಳ್ಳೆಯದು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, 8×12 ಅಂಗುಲದ ಪ್ರತಿ ಮುದ್ರಿಸಿ ತೂಗುಹಾಕಿ, ಮೂಲವನ್ನು ಅದೇ ದಿನ ಹಿಂದಿರುಗಿಸಿ. ಮನೆಯವರಿಗೂ ಒಂದು ಪ್ರತಿ ಕೊಟ್ಟರೆ ಅವರ ಸಂತೋಷಕ್ಕೆ ಮಿತಿಯಿರುವುದಿಲ್ಲ. ಗಾಜಿಗೆ ಅಂಟಿಕೊಂಡ ಪಟವನ್ನು ಕೀಳಬೇಡಿ, ಚಿತ್ರದ ಪದರ ಗಾಜಿನಲ್ಲೇ ಉಳಿಯುತ್ತದೆ. ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿದು, ಕಿಟಕಿ ಬೆಳಕು ಪಕ್ಕದಿಂದ ಬೀಳುವಂತೆ ನಿಲ್ಲಿಸಿ ಗಾಜಿನ ಮೂಲಕವೇ ಫೋಟೊ ತೆಗೆದರೆ ಪ್ರತಿಬಿಂಬ ಬೀಳುವುದಿಲ್ಲ. ಹಳೇ ಕಾಗದಕ್ಕೆ ಲ್ಯಾಮಿನೇಷನ್ ಖಂಡಿತ ಬೇಡ. ನಾಣ್ಯವನ್ನು ಹುಣಸೆಹಣ್ಣಿನಿಂದಲೋ ಪಾತ್ರೆ ತಿಕ್ಕುವ ಪುಡಿಯಿಂದಲೋ ಬೆಳಗಿದರೆ ಅದರ ಮೇಲಿನ ಬರಹವೂ ಸವೆಯುತ್ತದೆ.

ಕಾಲ ಕಟ್ಟುವುದು

'ಇದು ಮುನ್ನೂರು ವರ್ಷದ್ದು' ಎಂದು ಮನೆಯವರು ಪ್ರೀತಿಯಿಂದ ಹೇಳುತ್ತಾರೆ. ಅವರ ಮನಸ್ಸು ನೋಯಿಸದೆ, ವಸ್ತುವಿನ ಮೇಲೇ ಇರುವ ಗುರುತುಗಳನ್ನು ಹುಡುಕಿ. ನಾಣ್ಯದ ಮೇಲೆ ಆಣೆ ಇದ್ದರೆ ಅದು 1957ರ ಏಪ್ರಿಲ್‌ನ ದಶಮಾಂಶ ಪದ್ಧತಿಗೆ ಮೊದಲಿನದು. 'ನಯಾ ಪೈಸೆ' ಇದ್ದರೆ ಅದರ ನಂತರದ್ದು. ಪತ್ರದ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಕಂಡರೆ 1972ರ ಆಗಸ್ಟ್‌ಗಿಂತ ಹಿಂದಕ್ಕೆ ಹೋಗಲು ಸಾಧ್ಯವಿಲ್ಲ. 'ಮೈಸೂರು ರಾಜ್ಯ' ಎಂಬ ಮುದ್ರೆ 1973ರ ನವೆಂಬರ್ 1ರ ಮೊದಲಿನದು, ಅಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಯಿತು.

ಪತ್ರದಲ್ಲಿ ಬರೀ ಸಂವತ್ಸರವಿದ್ದರೆ ಎಚ್ಚರ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಪ್ರಭವ 1867-68ರಲ್ಲೂ ಇತ್ತು, 1927-28ರಲ್ಲೂ 1987-88ರಲ್ಲೂ ಇತ್ತು. ಯಾವ ಪ್ರಭವ ಎಂದು ತಿಳಿಯಲು ಛಾಪಾಕಾಗದದ ಮುದ್ರೆ, ಪತ್ರದಲ್ಲಿರುವ ಅಧಿಕಾರಿಯ ಹುದ್ದೆ ನೋಡಬೇಕು. ಶಕವರ್ಷಕ್ಕೆ 78 ಕೂಡಿಸಿ. ಕಲಬುರಗಿ, ಬೀದರ್, ರಾಯಚೂರು ಕಡೆಯ ಕಂದಾಯ ಪತ್ರಗಳಲ್ಲಿ ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ ಕಾಣುತ್ತದೆ. ಅದಕ್ಕೆ 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ ಸಿಗುತ್ತದೆ: ಫಸಲಿ 1356 ಎಂದರೆ 1946-47.

ರಾಜ್ಯೋತ್ಸವಕ್ಕೆ ಇದಕ್ಕಿಂತ ತಕ್ಕ ವಿಷಯವಿಲ್ಲ: 1956ಕ್ಕೆ ಮೊದಲು ನಮ್ಮೂರು ಯಾರ ಆಡಳಿತದಲ್ಲಿತ್ತು? ಬೆಳಗಾವಿ, ಧಾರವಾಡದ ಕಡೆ ಮುಂಬಯಿ ಸರ್ಕಾರ, ಕಲಬುರಗಿಯ ಕಡೆ ಹೈದರಾಬಾದು, ಮಂಗಳೂರು, ಕೊಳ್ಳೇಗಾಲದ ಕಡೆ ಮದ್ರಾಸು, ಇವುಗಳಲ್ಲದೆ ಮೈಸೂರು, ಕೊಡಗು. ಬಳ್ಳಾರಿ 1953ರಲ್ಲೇ ಮೈಸೂರಿಗೆ ಸೇರಿತ್ತು. ಜಮಖಂಡಿ, ಮುಧೋಳ, ಸಂಡೂರಿನಂಥ ಊರುಗಳಿಗೆ ತಮ್ಮದೇ ಸಂಸ್ಥಾನ. ಒಂದೇ ಮೇಜಿನ ಮೇಲೆ ಅಜ್ಜನ ಶಾಲಾ ಸರ್ಟಿಫಿಕೇಟು, ಅಪ್ಪನ ಪಹಣಿ, ಮೊಮ್ಮಗಳ ಅಂಕಪಟ್ಟಿ ಸಾಲಾಗಿಟ್ಟರೆ ಮರಾಠಿಯ ಮೋಡಿ ಲಿಪಿ ಅಥವಾ ಉರ್ದು ಲಿಪಿಯ ಮುದ್ರೆಯಿಂದ ಕನ್ನಡದ ಮುದ್ರೆಗೆ ಊರು ಹೇಗೆ ಬಂತೆಂದು ಮಕ್ಕಳಿಗೂ ಕಣ್ಣಿಗೆ ಕಾಣುತ್ತದೆ. ಜಮೀನಿನ ಪತ್ರಗಳಲ್ಲಿ ಸರ್ವೆ ನಂಬರು, ಹೆಸರುಗಳನ್ನು ಮುಚ್ಚಿದ ಪ್ರತಿಯನ್ನೇ ಇಡಿ. ಹಳೇ ವ್ಯಾಜ್ಯಗಳು ಮತ್ತೆ ಏಳುವುದುಂಟು.

ವಿವರ ಫಲಕ

'ಪುರಾತನ ಕಾಲದ ಸೇರು' ಎಂಬ ಫಲಕದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಸೇರು. ಕಾಳು ಅಳೆಯುವ ಅಳತೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಅಂಚಿನ ಹತ್ತಿರ ತನಿಖಾಧಿಕಾರಿಯ ಮುದ್ರೆ ಇದೆ, ನೋಡಿ.' ಒಂದು ಫಲಕಕ್ಕೆ ನಲವತ್ತು ಪದ ಸಾಕು. 24 ಪಾಯಿಂಟಿಗಿಂತ ಸಣ್ಣ ಅಕ್ಷರವನ್ನು ಹಿರಿಯರು ಬಗ್ಗಿ ಓದಬೇಕಾಗುತ್ತದೆ. ಪಕ್ಕದಲ್ಲಿ ಒಂದು ಸೇರು ರಾಗಿ ಇಟ್ಟು ಅಳೆಯಲು ಬಿಟ್ಟರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಅದಕ್ಕೆ ಕೂಟದ್ದೇ ಬೇರೆ ಸೇರು ಇರಲಿ.

ಫ್ಲೆಕ್ಸ್ ಅಂಗಡಿಯಲ್ಲಿ ಆಗುವ ಒಂದು ಎಡವಟ್ಟು: 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದು ಅಲ್ಲಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುತ್ತದೆ. ಯೂನಿಕೋಡಿನಲ್ಲಿ ಕಳಿಸಿದರೆ ಕೆಲವು ಹಳೇ ವಿನ್ಯಾಸ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಯಾಗಿ 'ಕ್ಷೇತ್ರ' ಎಂಬುದು 'ಕ್‌ಷೇತ್‌ರ' ಆಗುತ್ತದೆ. ಫಾಂಟ್ ಒಳಸೇರಿಸಿದ ಪಿಡಿಎಫ್ ಆಗಿಯೇ ಕಳಿಸಿ, ಒಂದು ಎ4 ಹಾಳೆಯಲ್ಲಿ ಮೊದಲು ಮುದ್ರಿಸಿ ಓದಿ, ಆಮೇಲೆ ಒಪ್ಪಿಗೆ ಕೊಡಿ.

ಕೊಠಡಿ, ಬೆಳಕು, ಸ್ವಾತಿ ಮಳೆ

ಶಾಮಿಯಾನದ ಕೆಳಗೆ ಕಾಗದಪತ್ರ ಇಡಬೇಡಿ. ನವೆಂಬರ್ 1 ಬೀಳುವುದು ಸ್ವಾತಿ ಮಳೆಯಲ್ಲಿ. ಹಿಂಗಾರು ಜೋರಾದರೆ ಬಟ್ಟೆಯ ಚಾವಣಿ ಅರ್ಧ ಗಂಟೆಯೂ ತಡೆಯುವುದಿಲ್ಲ. ಶಾಲೆಯ ಕೊಠಡಿಯೇ ಸರಿ, ಸೋರುತ್ತದೆಯೇ ಎಂದು ಚಿತ್ತಾ ಮಳೆಯಲ್ಲೇ ಒಂದು ದಿನ ಹೋಗಿ ನೋಡಿಕೊಂಡು ಬನ್ನಿ. ಮೇಜುಗಳನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕಿಡಿ, ಹಸಿ ಗೋಡೆಯ ತೇವ ಕಾಗದಕ್ಕೆ ತಾಗಬಾರದು. ನಡುವೆ ಕನಿಷ್ಠ ನಾಲ್ಕು ಅಡಿ ದಾರಿ ಬಿಡಿ. ಒಂದು ಬಾಗಿಲಿನಿಂದ ಒಳಗೆ, ಇನ್ನೊಂದರಿಂದ ಹೊರಗೆ. ಒಂದು ಮೇಜಿಗೆ ಐದು ವಸ್ತು ದಾಟದಿರಲಿ.

ಮೂಲ ಕಾಗದವಿರುವ ಮೇಜನ್ನು ಕಿಟಕಿಯ ಎದುರು ಗೋಡೆಗೆ ಇಟ್ಟು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ. ವಸ್ತುಸಂಗ್ರಹಾಲಯಗಳಲ್ಲಿ ಕಾಗದ, ಬಟ್ಟೆಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಿಸುವುದಿಲ್ಲ. ಕಿಟಕಿಯ ಪಕ್ಕ ಹಗಲಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಮೇಲೆ ಗಾಜು ಹೊದಿಸುವಾಗ ಅದು ಕಾಗದಕ್ಕೆ ತಾಗದಂತೆ ನಾಲ್ಕು ಮೂಲೆಗೂ ಅರ್ಧ ಅಂಗುಲದ ಮರದ ತುಂಡು ಕೊಡಿ. ಗಾಜಿನ ಅಂಚನ್ನು ಅಂಗಡಿಯಲ್ಲೇ ಉಜ್ಜಿಸಿ ತನ್ನಿ, ಇಲ್ಲದಿದ್ದರೆ ಮೊದಲ ಗಂಟೆಯಲ್ಲೇ ಮಗುವಿನ ಬೆರಳು ಕೊಯ್ಯುತ್ತದೆ. ಪ್ರತಿ ಕೊಠಡಿಗೆ ಇಬ್ಬರಂತೆ ಕಾವಲಿರಲಿ, ಮೂರು ಗಂಟೆಗೊಮ್ಮೆ ಸರದಿ ಬದಲಿಸಿ. ರಾತ್ರಿ ಬೀಗ ಹಾಕುವಾಗ ಇಬ್ಬರು ಸೇರಿ ರಸೀದಿ ಸಂಖ್ಯೆಯಂತೆ ಎಣಿಸಬೇಕು.

ಊರ ಕಲ್ಲುಗಳ ನಡಿಗೆ

ಎರಡನೇ ದಿನ ಬೆಳಿಗ್ಗೆ ಏಳು ಗಂಟೆಗೆ ನಡಿಗೆ ಇಟ್ಟುಕೊಳ್ಳಿ. ಶಾಸನದ ಅಕ್ಷರ ಓರೆ ಬಿಸಿಲಿನಲ್ಲಿ ಮಾತ್ರ ನೆರಳು ಬಿಟ್ಟು ಎದ್ದು ಕಾಣುತ್ತದೆ. ಹನ್ನೊಂದರ ಬಿಸಿಲಿಗೆ ಅದೇ ಕಲ್ಲು ಬರೀ ಬಂಡೆ. ಮೋಡವಿದ್ದರೆ ಕೊಡೆ ಹಿಡಿದು ನೆರಳು ಮಾಡಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಅಕ್ಷರ ಕಾಣಲೆಂದು ಸುಣ್ಣ, ಬಣ್ಣ, ಹಿಟ್ಟು ಬಳಿಯಬೇಡಿ, ತಂತಿ ಬ್ರಶ್ಶಿನಿಂದ ಉಜ್ಜಬೇಡಿ. ಹಳೇ ಮೈಸೂರು ಸೀಮೆಯ ಶಾಸನವಾದರೆ ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತಾಲ್ಲೂಕುವಾರು ಪಾಠ ಸಿಗುತ್ತದೆ. ಅದನ್ನು ನಕಲು ಮಾಡಿ ಕೈಯಲ್ಲಿಟ್ಟುಕೊಂಡು ಕಲ್ಲಿನ ಮುಂದೆಯೇ ಓದಿಸಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ತೋರಿಸಿ: ಕೆಳಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಹೆಚ್ಚಾಗಿ ಲಿಂಗ, ಅದರ ಎರಡು ಬದಿಗೆ ಸೂರ್ಯ ಚಂದ್ರ. ಕಾಳಗದ ಹತ್ತಿರ ದನಗಳಿದ್ದರೆ ಅದು ತುರುಗಾಳಗದಲ್ಲಿ ಸತ್ತವನ ಕಲ್ಲು. ಬಳೆ ತೊಟ್ಟ ತೋಳು ಎತ್ತಿ ನಿಂತಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು.

ಪಡಿಯಚ್ಚು, ಅಂದರೆ ಶಾಸನದ ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ತೆಗೆಯುವುದನ್ನು ಜನರೆದುರು ತೋರಿಸುವುದಾದರೆ ಪಳಗಿದವರನ್ನೇ ಕರೆಸಿ, ಕಲ್ಲು ಸಂರಕ್ಷಿತವಾಗಿದ್ದರೆ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ಕಲ್ಲನ್ನು ನೀರಿನಿಂದ, ಮೆದು ಬ್ರಶ್ಶಿನಿಂದ ತೊಳೆದು, ನೆನೆಸಿದ ಕಾಗದ ಹೊದಿಸಿ, ಬ್ರಶ್ಶಿನಿಂದ ತಟ್ಟಿ ಗಾಳಿಗುಳ್ಳೆ ಹೊರಡಿಸುತ್ತಾರೆ. ಕಾಗದ ಅಕ್ಷರದ ಕುಳಿಗಳೊಳಗೆ ಇಳಿಯುತ್ತದೆ. ಮುಕ್ಕಾಲು ಒಣಗಿದಾಗ ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಹಗುರಾಗಿ ಒತ್ತಿದರೆ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಬಿಳಿಯಾಗಿ ನಿಲ್ಲುತ್ತದೆ. ಅವಸರ ಮಾಡಿ ಒದ್ದೆಯಿರುವಾಗಲೇ ಮಸಿ ಒತ್ತಿದರೆ ಕಾಗದ ಹರಿದು ಮಸಿ ಕಲ್ಲಿಗೇ ಕೂರುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಕಾಗದ ಗಾಳಿಗೆ ಎದ್ದು ಅಚ್ಚು ಜರುಗುತ್ತದೆ.

ಹಿಂದಿರುಗಿಸುವ ದಿನ

ಪ್ರದರ್ಶನ ಮುಗಿದ ರಾತ್ರಿಯೇ ಪೆಟ್ಟಿಗೆ ಕಟ್ಟಬೇಡಿ. ಎಲ್ಲರೂ ದಣಿದಿರುತ್ತಾರೆ, ವಸ್ತುಗಳು ಒಡೆಯುವುದು ಆಗಲೇ. ಬೀಗ ಹಾಕಿ, ಮರುದಿನ ಬೆಳಿಗ್ಗೆ ತಂದಾಗಿನ ಫೋಟೊ ಎದುರಿಟ್ಟುಕೊಂಡು ಒಂದೊಂದನ್ನೂ ಹೋಲಿಸಿ, ಒಗೆದ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ. ಮುದ್ರಿತ ಪತ್ರಿಕೆಯಲ್ಲಿ ಸುತ್ತಿದರೆ ಶಾಯಿ ಹತ್ತುತ್ತದೆ. ಮೂರು ದಿನದೊಳಗೆ, ತಂದವರೇ ಮನೆಗೆ ಹೋಗಿ ಕೊಡಬೇಕು. ಹುಡುಗರ ಕೈಲಿ ಕಳಿಸಬಾರದು. ಗರಿಗಳನ್ನು ಅವರ ಎದುರಿಗೇ ಮತ್ತೆ ಎಣಿಸಿ, 62 ಇದ್ದದ್ದು 62 ಇದೆ ಎಂದು ತೋರಿಸಿ, ರಸೀದಿಯ ಮೇಲೆ ಸಹಿ ಪಡೆಯಿರಿ. ವಸ್ತು ಎಲ್ಲಿಂದ ಬಂತು, ಯಾರು ಬಳಸುತ್ತಿದ್ದರು ಎಂದು ಅಜ್ಜಿ ಹೇಳುವುದನ್ನು ಆಗಲೇ, ಅವರ ಒಪ್ಪಿಗೆ ಪಡೆದು, ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಧ್ವನಿಯ ಫೈಲಿಗೂ ರಸೀದಿಯದೇ ಸಂಖ್ಯೆ ಕೊಡಿ.