ಡಿ4 ಅಂತ ಬರೆದಿದ್ದನ್ನು ನಾನು ನೋಡಿರಲಿಲ್ಲ

ನಾನು ತುಮಕೂರಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಮನೆ ಬಟವಾಡಿ ಹತ್ತಿರ, ಮನೆಯ ಮುಂದಿನ ರೂಮೇ ಸ್ಟುಡಿಯೋ. ಸ್ವಂತ ಕೆಲಸ ಶುರು ಮಾಡಿದ್ದು 2019ರಲ್ಲಿ. ಆವಾಗ ಮೊದಲ ಸಲ ಗ್ರಾಫಿಕ್ಸ್ ಕಾರ್ಡ್ ತಂದೆ. ಕಂಪ್ಯೂಟರಿನಲ್ಲಿ ಆಟದ, ವಿಡಿಯೋದ ಚಿತ್ರಗಳನ್ನು ಮೂಡಿಸುವ ಭಾಗ ಅದು.

ಗುಬ್ಬಿಯಲ್ಲಿ ನನ್ನ ಗೆಳೆಯನೊಬ್ಬ ಇದೇ ಕೆಲಸದಲ್ಲಿದ್ದ. ಅವನ ಹತ್ತಿರ ಜಿಟಿ 1030 ಇತ್ತು. "ಚಿಕ್ಕ ಕಾರ್ಡು ಕಣೋ. ಬೇರೆ ಪವರ್ ವೈರ್ ಬೇಡ. ನಿನ್ನ ಹಳೇ ಕ್ಯಾಬಿನೆಟ್‌ಗೆ ಆರಾಮಾಗಿ ಕೂರುತ್ತೆ, ತಗೊಂಬಿಡು" ಅಂದ. ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋದೆ. ನಾಲ್ಕೈದು ಅಂಗಡಿ ಸುತ್ತಿದೆ. ಎಲ್ಲ ಕಡೆ ಕೇಳಿದ್ದು ಒಂದೇ ಮಾತು, "1030 ಇದೆಯಾ, ಎಷ್ಟು?" ಒಂದು ಅಂಗಡಿಯಲ್ಲಿ ಬೇರೆಯವರಿಗಿಂತ ಐನೂರು ರೂಪಾಯಿ ಕಡಿಮೆ ಹೇಳಿದರು. ಖುಷಿಯಾಗಿ ತೆಗೆದುಕೊಂಡು ಸಂಜೆ ಟ್ರೈನಿಗೆ ವಾಪಸ್ ಬಂದೆ.

ಕಾರ್ಡ್ ಕೂತಿತು, ಡ್ರೈವರ್ ಹಾಕಿದೆ, ಎಲ್ಲ ಸರಿಯಾಗಿಯೇ ಕಂಡಿತು. ಗಮನಿಸಿದ್ದು ನನ್ನ ತಮ್ಮ. ಗುಬ್ಬಿಯ ಗೆಳೆಯನ ಮನೆಯಲ್ಲಿ ಅವನು ಆಡುತ್ತಿದ್ದ ಕಾರ್ ರೇಸ್ ಆಟ ನಮ್ಮ ಮನೆಯಲ್ಲಿ ತಡೆದು ತಡೆದು ಓಡುತ್ತಿತ್ತು. ನಾನೂ ಒಂದು ಮುಹೂರ್ತದ ಕ್ಲಿಪ್ಪಿಗೆ ಕಲರ್ ಹಾಕಿ ಪ್ಲೇ ಮಾಡಿದೆ. ಅದೂ ಹಾಗೇ. ಎರಡು ವಾರ ಏನೇನೋ ಮಾಡಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ರ‍್ಯಾಮ್ ಬಿಚ್ಚಿ ಒರೆಸಿ ಕೂರಿಸಿದೆ. ಕೊನೆಗೆ ವಿಂಡೋಸ್ ಕೂಡ ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ.

ಒಂದು ಭಾನುವಾರ ಗೆಳೆಯ ತನ್ನ ಕಾರ್ಡನ್ನು ಡಬ್ಬಿ ಸಮೇತ ಬೈಕಿನಲ್ಲಿ ತಂದ. ನನ್ನದನ್ನು ಬಿಚ್ಚಿ ಅವನದನ್ನು ಹಾಕಿದೆವು. ಆಟ ಸಲೀಸಾಗಿ ಓಡಿತು. ಅದೇ ಕಂಪ್ಯೂಟರ್, ಅದೇ ಆಟ, ಅದೇ 1030!

ಆಗ ಎರಡೂ ಡಬ್ಬಿಗಳನ್ನು ಕಿಟಕಿ ಹತ್ತಿರ ಪಕ್ಕಪಕ್ಕ ಇಟ್ಟು ನೋಡಿದೆವು. ಮುಂದೆ ದಪ್ಪ ಅಕ್ಷರದಲ್ಲಿ ಎರಡರಲ್ಲೂ ಜಿಟಿ 1030. ಎರಡರಲ್ಲೂ 2 ಜಿಬಿ. ವ್ಯತ್ಯಾಸ ಇದ್ದದ್ದು ಡಬ್ಬಿಯ ಪಕ್ಕದಲ್ಲಿ, ಬಾರ್‌ಕೋಡ್ ಇರುವ ಬಿಳಿ ಸ್ಟಿಕ್ಕರಿನಲ್ಲಿ. ಅಲ್ಲಿ ಉದ್ದದ ಮಾಡೆಲ್ ನಂಬರ್ ಇರುತ್ತದೆ. ಅವನದರಲ್ಲಿ ಆ ನಂಬರಿನ ನಡುವೆ ಡಿ5 ಅಂತ ಇತ್ತು. ನನ್ನದರಲ್ಲಿ ಡಿ4. ಅಕ್ಕಿಕಾಳಿನಷ್ಟು ಚಿಕ್ಕ ಅಕ್ಷರ.

ಜಿಪಿಯು-ಝಡ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಕಾರ್ಡಿನೊಳಗೆ ಏನಿದೆ ಅಂತ ಅದು ಸಾಲು ಸಾಲಾಗಿ ತೋರಿಸುತ್ತದೆ. ಅದರಲ್ಲಿ ನೋಡಿದಾಗ ಚಿಪ್ಪಿನ ಕೋರ್, ಅಂದರೆ ಲೆಕ್ಕ ಮಾಡುವ ಚಿಕ್ಕ ಘಟಕಗಳ ಸಂಖ್ಯೆ, ಎರಡರಲ್ಲೂ 384. ಆದರೆ ಅವನದು ಜಿಡಿಡಿಆರ್5 ಮೆಮೊರಿ, ನನ್ನದು ಡಿಡಿಆರ್4. ಬ್ಯಾಂಡ್‌ವಿಡ್ತ್, ಅಂದರೆ ಮೆಮೊರಿಗೂ ಚಿಪ್ಪಿಗೂ ನಡುವೆ ಹರಿಯುವ ಡೇಟಾ, ಅವನದು ಸೆಕೆಂಡಿಗೆ 48 ಜಿಬಿ, ನನ್ನದು 16.8. ಅಂದರೆ ಸುಮಾರು ಮೂರನೇ ಒಂದು ಭಾಗ. ನಮ್ಮ ಕಡೆಯವರಿಗೆ ಇದನ್ನು ಬೋರ್‌ವೆಲ್ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಮೋಟರ್ ಎಷ್ಟು ಎಚ್‌ಪಿ ಇದ್ದರೂ ಪೈಪು ಸಣ್ಣದಾದರೆ ತೋಟಕ್ಕೆ ನೀರು ಅಷ್ಟೇ ಬರುತ್ತದೆ. ಚಿಪ್ಪು ಮೋಟರ್, ಮೆಮೊರಿಯ ಬ್ಯಾಂಡ್‌ವಿಡ್ತ್ ಪೈಪು.

ಜಿಟಿ 1030 ಮೊದಲು 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು. 2018ರಲ್ಲಿ ಡಿಡಿಆರ್4 ಹಾಕಿದ ಕಾರ್ಡು ಅದೇ ಹೆಸರಿನಲ್ಲಿ ಬಂತು. ಗೆಳೆಯ ತೆಗೆದುಕೊಂಡಿದ್ದು ಮೊದಲಿನದು, ನಾನು ತಂದಿದ್ದು ಆಮೇಲಿನದು. ಅವನು ಕೊಟ್ಟ ಸಲಹೆ ಸರಿಯಾಗಿಯೇ ಇತ್ತು. ಅವನು ಹೇಳಿದ ಹೆಸರಿಗೆ ಮಾತ್ರ ಅಷ್ಟರಲ್ಲಿ ಇನ್ನೊಂದು ಮಾಲು ಸೇರಿಕೊಂಡಿತ್ತು.

ಅಪ್ಪ ಎಪಿಎಂಸಿಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದವರು. ವಿಷಯ ಕೇಳಿ, "ಹುಣಸೆಹಣ್ಣು ಅಂದ ತಕ್ಷಣ ಯಾರೂ ರೇಟು ಹೇಳಲ್ಲಪ್ಪ. ಬೀಜ ಇರೋದಾ, ತೆಗೆದಿರೋದಾ, ಹೊಸದಾ, ಹಳೇದಾ ಅಂತ ಮೊದಲು ಕೇಳ್ತಾರೆ. ನೀನು ಕೇಳಲಿಲ್ವಾ?" ಅಂದರು. ಕೇಳಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಮಾರನೇ ದಿನ ಅಂಗಡಿಗೆ ಫೋನ್ ಮಾಡಿದೆ. "ನೀವು ಕೇಳಿದ್ದು 1030, ನಾವು ಕೊಟ್ಟಿದ್ದು 1030. ಬಿಲ್ ನೋಡಿ ಸರ್" ಅಂದರು. ಬಿಲ್ಲಿನಲ್ಲಿ ಇದ್ದದ್ದು "ಗ್ರಾಫಿಕ್ ಕಾರ್ಡ್ 1030 2 ಜಿಬಿ" ಅಷ್ಟೇ. ಡಿ4 ಇಲ್ಲ, ಡಿ5 ಇಲ್ಲ. ವಾದ ಮಾಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ಇನ್ನೊಂದು ವಿಷಯವೂ ತಿಳಿಯಿತು. ಎಡಿಟ್ ಮಾಡಿದ ವಿಡಿಯೋವನ್ನು ಬೇಗ ಫೈಲ್ ಮಾಡಿ ಕೊಡುವ ಭಾಗಕ್ಕೆ ವಿಡಿಯೋ ಎನ್‌ಕೋಡರ್ ಅಂತಾರೆ. 1030ರಲ್ಲಿ ಅದು ಇಲ್ಲವೇ ಇಲ್ಲ, ಡಿ5 ಆದರೂ ಅಷ್ಟೇ. ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಮಾಡುವವನಿಗೆ ಬೇಕಾಗಿದ್ದೇ ಅದು. ಒಂದು ಮೆಟ್ಟಿಲು ಮೇಲಿನ 1050ರಲ್ಲಿ ಅದು ಇತ್ತು.

ಅಲ್ಲಿಂದ ಮುಂದೆ ಹೆಸರು ನೋಡಿ ಕಾರ್ಡ್ ಕೊಳ್ಳುವುದನ್ನು ಬಿಟ್ಟೆ.

ನಂಬರ್ ಓದುವ ಸಾಮಾನ್ಯ ಲೆಕ್ಕ ಒಂದಿದೆ. ಮೊದಲ ಅಂಕಿಗಳು ತಲೆಮಾರು, ಕೊನೆಯ ಎರಡು ಅಂಕಿ ಆ ತಲೆಮಾರಿನಲ್ಲಿ ಅದರ ಜಾಗ. ಇದು ಗೊತ್ತಿಲ್ಲದೆ, ನಂಬರ್ ದೊಡ್ಡದಿದ್ದರೆ ಕಾರ್ಡ್ ಜೋರು ಅಂದುಕೊಳ್ಳುವವರು ಜಾಸ್ತಿ. 2019ರ ಜಿಟಿಎಕ್ಸ್ 1650ಕ್ಕಿಂತ 2016ರ ಜಿಟಿಎಕ್ಸ್ 1080 ತುಂಬಾ ವೇಗದ ಕಾರ್ಡು. ಆದರೆ ಈ ಲೆಕ್ಕವೂ ಅರ್ಧ ದಾರಿಗೆ ಮಾತ್ರ ಬರುತ್ತದೆ. ಇನ್ನೊಂದು ಚಿಪ್ಪು ಕಂಪನಿ ಎಎಮ್‌ಡಿಯವರ 7800 ಎಕ್ಸ್‌ಟಿ ನೋಡಿ ಅಭ್ಯಾಸವಾಗಿದ್ದವರ ಮುಂದೆ 2025ರಲ್ಲಿ 9070 ಬಂತು. ಜಾಗ ಹೇಳುವ ಅಂಕಿ 7800ರಲ್ಲಿ ಎರಡನೆಯದು, 9070ರಲ್ಲಿ ಮೂರನೆಯದು. ನಂಬರಿನ ಕ್ರಮವೇ ಬದಲಾಗಿತ್ತು.

ನಿಜವಾದ ತೊಂದರೆ ಇರುವುದು ಹೆಸರಿನ ಜೊತೆ ಬರುವ ಜಿಬಿಯಲ್ಲಿ. 6 ಜಿಬಿ, 8 ಜಿಬಿ ಅಂದರೆ ಏನು ಅಂದುಕೊಳ್ಳುತ್ತೇವೆ? ಕಾರ್ಡು ಒಂದೇ, ಮೆಮೊರಿ ಮಾತ್ರ ಹೆಚ್ಚು ಕಡಿಮೆ ಅಂತ. ಫೋನ್ ಕೊಳ್ಳುವಾಗ ಹಾಗೇ ಅಲ್ವಾ? ಇಲ್ಲಿ ಕೆಲವು ಸಲ ಹಾಗಿರುತ್ತದೆ, ಕೆಲವು ಸಲ ಇರುವುದಿಲ್ಲ. ಆರ್‌ಟಿಎಕ್ಸ್ 4060 ಟಿಐ 8 ಜಿಬಿ ಮತ್ತು 16 ಜಿಬಿಯಲ್ಲಿ ಚಿಪ್ಪು ಒಂದೇ, ಮೆಮೊರಿ ಮಾತ್ರ ಬೇರೆ. ಜಿಟಿಎಕ್ಸ್ 1060ರಲ್ಲಿ ಹಾಗಿರಲಿಲ್ಲ. 6 ಜಿಬಿ ಕಾರ್ಡಿನಲ್ಲಿ 1280 ಕೋರ್, 3 ಜಿಬಿಯದರಲ್ಲಿ 1152. ಹಾಗಾಗಿ ಒಂದು ಕಾರ್ಡಿನಲ್ಲಿ ಕಲಿತಿದ್ದನ್ನು ಇನ್ನೊಂದಕ್ಕೆ ಹಚ್ಚಲು ಆಗುವುದಿಲ್ಲ. ಪ್ರತಿ ಸಲ ಹೊಸದಾಗಿ ನೋಡಬೇಕು.

ಈಗ ನನ್ನ ಹತ್ತಿರ ಬರುವವರು ಜಾಸ್ತಿ ಕೇಳುವುದು ಆರ್‌ಟಿಎಕ್ಸ್ 3050. 2022ರಲ್ಲಿ ಬಂದ 8 ಜಿಬಿ ಕಾರ್ಡಿನಲ್ಲಿ 2560 ಕೋರ್, 128 ಬಿಟ್ ಮೆಮೊರಿ ಬಸ್ (ಮೆಮೊರಿಯ ಪೈಪಿನ ಅಗಲ ಅನ್ನಿ), 130 ವ್ಯಾಟ್. 2024ರಲ್ಲಿ ಬಂದ 6 ಜಿಬಿಯದರಲ್ಲಿ 2304 ಕೋರ್, 96 ಬಿಟ್, 70 ವ್ಯಾಟ್. ಬರೀ ಎರಡು ಜಿಬಿ ಕಡಿಮೆ ಅಂತ ತಿಳಿದು ತೆಗೆದುಕೊಂಡವರಿಗೆ ಉಳಿದ ಮೂರೂ ಕಡಿಮೆ ಅಂತ ಯಾರೂ ಹೇಳಿರುವುದಿಲ್ಲ.

ಹಾಗಂತ ಆ 6 ಜಿಬಿ ಕಾರ್ಡ್ ಕೆಟ್ಟದ್ದಲ್ಲ. ಶಿರಾದ ಒಂದು ಫೋಟೊ ಸ್ಟುಡಿಯೋದವರಿಗೆ ನಾನೇ ಅದನ್ನು ಹೇಳಿ ಕೊಡಿಸಿದ್ದೇನೆ. ಅವರದು ಹಳೇ ಆಫೀಸ್ ಕಂಪ್ಯೂಟರ್. ಪವರ್ ಸಪ್ಲೈ ಚಿಕ್ಕದು, ಕಾರ್ಡಿಗೆ ಕೊಡಲು ಬೇರೆ ವೈರೇ ಇಲ್ಲ. ಮದರ್‌ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್‌ವರೆಗೆ ಸಿಗುತ್ತದೆ, 70 ವ್ಯಾಟಿನ ಕಾರ್ಡು ಅಷ್ಟರಲ್ಲೇ ಓಡುತ್ತದೆ. ಎನ್‌ಕೋಡರ್ ಕೂಡ ಇದೆ. ಅವರ ಜಾಗಕ್ಕೆ 8 ಜಿಬಿಯದಕ್ಕಿಂತ ಇದೇ ಸರಿ. ಇಷ್ಟು ಒಳ್ಳೇ ಗುಣ ಇರುವ ಕಾರ್ಡಿಗೆ ತನ್ನದೇ ಒಂದು ಹೆಸರು ಕೊಟ್ಟಿದ್ದರೆ ಕೊಳ್ಳುವವರಿಗೂ ಮಾರುವವರಿಗೂ ಎಷ್ಟು ಸುಲಭವಾಗುತ್ತಿತ್ತು!

ಹೆಸರು ಬದಲಿಸಲು ಆಗುವುದಿಲ್ಲ ಅಂತೇನೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ, ಈ ಜಿಟಿ, ಆರ್‌ಟಿಎಕ್ಸ್ ಕಾರ್ಡುಗಳ ಕಂಪನಿ ಎನ್‌ವಿಡಿಯಾ ಎರಡು 4080 ಘೋಷಿಸಿತು, 16 ಜಿಬಿ ಒಂದು, 12 ಜಿಬಿ ಒಂದು. ಮೊದಲನೆಯದರಲ್ಲಿ 9728 ಕೋರ್, ಎರಡನೆಯದರಲ್ಲಿ 7680. ಜನ ಜೋರಾಗಿ ಆಕ್ಷೇಪ ಮಾಡಿದರು. ಅಕ್ಟೋಬರಿನಲ್ಲಿ ಕಂಪನಿಯೇ ಈ ಹೆಸರು ಸರಿಯಿಲ್ಲ ಅಂತ ಒಪ್ಪಿಕೊಂಡು 12 ಜಿಬಿಯದನ್ನು ಹಿಂದಕ್ಕೆ ತೆಗೆದುಕೊಂಡಿತು. 2023ರ ಜನವರಿಯಲ್ಲಿ ಅದು 4070 ಟಿಐ ಆಗಿ ಬಂತು. ಅದು ಲಕ್ಷದ ಹತ್ತಿರದ ಕಾರ್ಡು, ಕೊಳ್ಳುವವರು ವಿಷಯ ಗೊತ್ತಿದ್ದವರು, ಅದಕ್ಕೇ ಗಲಾಟೆ ಆಯಿತು. ಐದಾರು ಸಾವಿರದ ಕಾರ್ಡ್ ಕೊಳ್ಳುವ ನಮ್ಮಂಥವರ ಪರವಾಗಿ ಅಷ್ಟು ಗಲಾಟೆ ಆಗುವುದಿಲ್ಲ. ಇದು ನನಗೆ ಈಗಲೂ ಬೇಜಾರಿನ ವಿಷಯ.

2023ರಲ್ಲಿ ನಾನು 4ಕೆ ಕೆಲಸಕ್ಕೆ ಹೊಸ ಕಾರ್ಡ್ ಕೊಂಡೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ನಾಯ್ಸ್ (ಚಿತ್ರದಲ್ಲಿ ಕಾಣುವ ಚುಕ್ಕಿ ಚುಕ್ಕಿ) ತೆಗೆಯಲು ಹೊರಟರೆ ಮೆಮೊರಿ ತುಂಬಿದೆ ಅಂತ ಬಂದು ನಿಂತುಬಿಡುತ್ತಿತ್ತು, ಅದಕ್ಕೆ ಆರ್‌ಟಿಎಕ್ಸ್ 3060 ಬೇಕು ಅಂತ ತೀರ್ಮಾನಿಸಿದೆ. ಅದರಲ್ಲೂ ಎರಡು ಬಗೆ. 12 ಜಿಬಿಯದು 192 ಬಿಟ್ ಬಸ್, ಆಮೇಲೆ ಬಂದ 8 ಜಿಬಿಯದು 128 ಬಿಟ್. ಈ ಸಲ ಅಂಗಡಿಗೆ ಹೋಗುವ ಮೊದಲೇ ಫೋನಿನಲ್ಲಿ ಕೇಳಿದೆ, "ಡಬ್ಬಿಯ ಪಕ್ಕದ ಸ್ಟಿಕ್ಕರ್ ಫೋಟೊ ವಾಟ್ಸಾಪ್ ಮಾಡಿ ಸರ್." ಇಬ್ಬರು ಕಳಿಸಲಿಲ್ಲ, ಅವರನ್ನು ಬಿಟ್ಟೆ. ಮೂರನೆಯವರು ಕಳಿಸಿದರು. ಆ ಉದ್ದದ ನಂಬರನ್ನು ಒಂದಕ್ಷರ ಬಿಡದೆ ಟೈಪ್ ಮಾಡಿ, ಕಾರ್ಡ್ ತಯಾರಿಸಿದವರ ವೆಬ್‌ಸೈಟಿನಲ್ಲೇ ಹುಡುಕಿದೆ. ಮಾರುವವರ ಜಾಹೀರಾತಿನಲ್ಲಿ ಅಲ್ಲ. ಅಲ್ಲಿ ಸ್ಪೆಸಿಫಿಕೇಷನ್ ಪಟ್ಟಿಯಲ್ಲಿ ಮೆಮೊರಿ ಎಷ್ಟು, ಯಾವ ಬಗೆ, ಬಸ್ ಎಷ್ಟು ಬಿಟ್, ಎಷ್ಟು ವ್ಯಾಟಿನ ಪವರ್ ಸಪ್ಲೈ ಬೇಕು ಅಂತ ಇರುತ್ತದೆ. 192 ಅಂತ ಕಂಡ ಮೇಲೆಯೇ ಹೊರಟೆ.

ಬಿಲ್ ಮಾಡುವಾಗ ಕೌಂಟರಿನ ಹುಡುಗ "3060" ಅಂತ ಹೊಡೆಯಲು ಹೊರಟ. "ತಮ್ಮಾ, ಮಾಡೆಲ್ ನಂಬರ್ ಪೂರ್ತಿ ಹಾಕು, ಸೀರಿಯಲ್ ನಂಬರ್ ಕೂಡ" ಅಂದೆ. ಹಿಂದೆ ನಾಲ್ಕು ಜನ ನಿಂತಿದ್ದರು, ಅವನಿಗೆ ಸ್ವಲ್ಪ ಕಿರಿಕಿರಿ ಆಯಿತು. ಆದರೂ ಹಾಕಿದ. ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಕಾರ್ಡಿನ ಮೇಲಿನದು, ಬಿಲ್ಲಿನದು ಮೂರನ್ನೂ ಅಲ್ಲೇ ತಾಳೆ ನೋಡಿದೆ. ಮನೆಗೆ ಬಂದು ಹಾಕಿದ ಮೇಲೆ ಮೊದಲು ತೆರೆದಿದ್ದು ಜಿಪಿಯು-ಝಡ್. ಆ ಪರದೆಯ ಫೋಟೊ ಬಿಲ್ಲಿನ ಜೊತೆ ಈಗಲೂ ಇಟ್ಟಿದ್ದೇನೆ. ಬಿಲ್ಲಿನಲ್ಲಿ ಬರೆದಿದ್ದಕ್ಕೂ ಡಬ್ಬಿಯಲ್ಲಿ ಇರುವುದಕ್ಕೂ ಹೊಂದದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಕೊಡಬಹುದು. ಬರೀ "3060" ಅಂತ ಇದ್ದರೆ ಏನನ್ನು ತೋರಿಸಿ ದೂರು ಕೊಡುವುದು?

ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ದುಡ್ಡು ಕೊಡುವ ಮೊದಲೇ ಈ ಸಾಫ್ಟ್‌ವೇರ್ ಓಡಿಸಿ ನೋಡಬೇಕು. ಒಬ್ಬ ಹುಡುಗ ಆನ್‌ಲೈನಿನಲ್ಲಿ ಯಾರಿಂದಲೋ ಕೊಂಡ 1050 ಟಿಐ ತಂದಿದ್ದ. ವಿಂಡೋಸ್ ಅದನ್ನು 1050 ಟಿಐ ಅಂತಲೇ ತೋರಿಸುತ್ತಿತ್ತು. ಜಿಪಿಯು-ಝಡ್ ಹೆಸರಿನ ಮುಂದೆಯೇ ಫೇಕ್ ಅಂತ ಹಾಕಿತು. ಎಷ್ಟೋ ವರ್ಷ ಹಳೆಯ ಚಿಪ್ಪಿಗೆ ಹೊಸ ಹೆಸರು ತುಂಬಿ ಮಾರಿದ್ದರು. ಆ ಹುಡುಗ ಪಾರ್ಟ್ ಟೈಮ್ ಕೆಲಸ ಮಾಡಿ ಕೂಡಿಸಿದ ದುಡ್ಡು ಅದು.

ಲ್ಯಾಪ್‌ಟಾಪಿನದು ಬೇರೆಯೇ ಕಥೆ. ನಮ್ಮ ಬೀದಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅಂಕಲ್ ಒಬ್ಬರಿದ್ದಾರೆ. ಮಗಳಿಗೆ ಇಂಜಿನಿಯರಿಂಗ್ ಸೀಟ್ ಸಿಕ್ಕಿತು. ಒಂದು ಸಂಜೆ ಎರಡು ಪಾಂಪ್ಲೆಟ್ ಹಿಡಿದು ಬಂದರು. "ನೋಡಪ್ಪ, ಇದೂ 4060, ಅದೂ 4060. ರ‍್ಯಾಮೂ ಒಂದೇ. ಹದಿನೈದು ಸಾವಿರ ಯಾಕೆ ವ್ಯತ್ಯಾಸ? ಇದು ಆಫರ್ ಇರಬೇಕು, ಬಿಡಬಾರದು ಅಲ್ವಾ?" ಅಂದರು.

ಲ್ಯಾಪ್‌ಟಾಪಿನಲ್ಲಿ ಅದೇ ಚಿಪ್ಪಿಗೆ ಎಷ್ಟು ಕರೆಂಟು ಕೊಡಬೇಕು ಅನ್ನುವುದನ್ನು ತಯಾರಿಸುವವರು ತೀರ್ಮಾನಿಸುತ್ತಾರೆ. ಲ್ಯಾಪ್‌ಟಾಪಿನ 4060 ಅಂದರೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಇರಬಹುದು. ಪಾಂಪ್ಲೆಟ್‌ನಲ್ಲಿ ಅದು ಇರಲಿಲ್ಲ. ವೆಬ್‌ಸೈಟಿನಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅನ್ನುವ ಸಾಲು ಹುಡುಕಿ ತೋರಿಸಿದೆ. ಕಡಿಮೆ ಬೆಲೆಯದು 65, ಇನ್ನೊಂದು 115. ಅಂಕಲ್ ಸುಮ್ಮನೆ ಕೂತರು. ಆಮೇಲೆ ಮಗಳನ್ನೇ ಕರೆಸಿ ಕೇಳಿದರು. ಅವಳು, "ಅಪ್ಪಾ, ನನಗೆ ಕೋಡಿಂಗ್‌ಗೆ, ಡ್ರಾಯಿಂಗ್‌ಗೆ ಬೇಕು. ದಿನಾ ಬಸ್ಸಲ್ಲಿ ಹೊತ್ಕೊಂಡು ಹೋಗ್ಬೇಕು. ತೂಕ ಕಡಿಮೆ ಇರೋದೇ ಇರಲಿ" ಅಂದಳು. 65 ವ್ಯಾಟಿನದನ್ನೇ ಕೊಂಡರು. ಏನು ಕೊಳ್ಳುತ್ತಿದ್ದೇವೆ ಅಂತ ತಿಳಿದೇ ಕೊಂಡರು, ನನಗೆ ಅಷ್ಟು ಸಾಕಾಗಿತ್ತು. 4070 ಆಗಿದ್ದರೆ ಇನ್ನೂ ಜಾಸ್ತಿ ಹೇಳಬೇಕಾಗುತ್ತಿತ್ತು. ಡೆಸ್ಕ್‌ಟಾಪಿನ 4070ರಲ್ಲಿ 5888 ಕೋರ್, 12 ಜಿಬಿ. ಲ್ಯಾಪ್‌ಟಾಪಿನದರಲ್ಲಿ 4608 ಕೋರ್, 8 ಜಿಬಿ.

ನನ್ನ ಹಳೇ 1030ನ್ನು 3060 ಬಂದ ಮೇಲೆ ಮಾರಿದೆ. ಕೊಳ್ಳಲು ಬಂದವರಿಗೆ ಬೇಕಾಗಿದ್ದು ಅಂಗಡಿಯ ಲೆಕ್ಕದ ಕಂಪ್ಯೂಟರಿಗೆ ಎರಡನೇ ಮಾನಿಟರ್ ಹಾಕಲು ಮಾತ್ರ. ಅದಕ್ಕೆ ಈ ಕಾರ್ಡು ಧಾರಾಳ ಸಾಕು. ಕೊಡುವ ಮೊದಲು ಡಬ್ಬಿಯ ಮುಂಭಾಗದಲ್ಲಿ, ಜಿಟಿ 1030 ಅನ್ನುವ ದಪ್ಪ ಅಕ್ಷರದ ಪಕ್ಕದಲ್ಲೇ, ಮಾರ್ಕರ್ ಪೆನ್ನಿನಿಂದ ಅಷ್ಟೇ ದಪ್ಪಗೆ ಡಿಡಿಆರ್4 ಅಂತ ಬರೆದೆ. "ಇದೇನಣ್ಣ?" ಅಂತ ಕೇಳಿದರು. ಕೂರಿಸಿ, ಕಾಫಿ ಕೊಟ್ಟು, ಪೂರ್ತಿ ಹೇಳಿದೆ. ಮುಂದೆ ಅವರು ಯಾರಿಗಾದರೂ ಮಾರಿದರೆ ಅವರಿಗೂ ಗೊತ್ತಿರಲಿ ಅಂತ.